ಎಸ್. ಪಿ. ರಸ್ತೆಗೆ ಹೋಗಿ ಬಂದುದು

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕಾಲ್ನಡಿಗೆಯಿಂದ ಸಂಚರಿಸಿದವರು, ಅಲ್ಲಿಯ ಬೀದಿಗಳು ತಮ್ಮ ತಮ್ಮ ಕಸುಬನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿರುವುದನ್ನು ಗಮನಿಸದೆ ಇರಲಾರರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ - ಬೇಕಾದ ಪದಾರ್ಥದ ಹೆಸರು ತಿಳಿದಿದ್ದರೆ ದಾರಿ ಕೇಳುವ ಅವಶ್ಯಕತೆಯೇ ಇರುತ್ತಿರಲಿಲ್ಲ. ಈ ಕಾಲದ ಸಾಮಾನಾದ ಗಣಕಯಂತ್ರಕ್ಕೆ ಅಂಥ ಹೆಸರಿಟ್ಟ ಪೇಟೆಯಿಲ್ಲ. ಆದರೂ ಅದಕ್ಕೊಂದು ಪೇಟೆ ಉಂಟು. ಪುರಭವನದಿಂದ ಸುಲಭವಾಗಿ ನಡೆದು ಹೋಗುವಷ್ಟು ದೂರದಲ್ಲಿ, ನಗರ್ತಪೇಟೆಯ ನೆರೆಯಲ್ಲಿ ಇರತಕ್ಕ ಸದರ್ ಪತ್ರಪ್ಪ ರಸ್ತೆಯೇ ಅದು. ಪೂರ್ತಿ ಹೆಸರನ್ನು ಈಗ ಹೇಳುವವರು ವಿರಳ, ಆಟೋದವನಿಗೆ ‘ಎಸ್. ಪಿ. ರಸ್ತೆ’ ಎಂದರೇ ತಿಳಿಯುವುದು. ಅದನ್ನೂ ಬಿಡಿಸಿ ಹೇಳಬೇಕು. ಇಲ್ಲವಾದರೆ ಅವನು ಹತ್ತಿರದ ಎಸ್. ಜೆ. ಪಿ. ರಸ್ತೆಯಲ್ಲಿ ನಮ್ಮನ್ನು ಇಳಿಸಿ ಹೋದಾನು.

ನಾನು ಅಲ್ಲಿಗೆ ಹೋದುದು 2024ನೆಯ ಡಿಸೆಂಬರ್ ತಿಂಗಳಲ್ಲಿ, ನನ್ನ ತಮ್ಮನ ಮಗಳ ನಿಮಿತ್ತವಾಗಿ. ತಮ್ಮನು ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯ. ಹುಡುಗಿಯು ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಕಟ್ಟಡಗಳ ವಿನ್ಯಾಸಶಾಸ್ತ್ರವನ್ನು ಓದುತ್ತಿದ್ದಾಳೆ. ಎರಡನೆಯ ವರ್ಷಕ್ಕೆ ಬಂದಮೇಲೆ ನಕ್ಷೆಗಳನ್ನೆಲ್ಲ ಗಣಕಯಂತ್ರದಲ್ಲಿಯೇ ಬರೆಯಬೇಕಾಗಿ ಬಂದಿತು. ತಮ್ಮನು ಚೀಟಿಯ ಹಣ ಎತ್ತಿ ಅರುವತ್ತು ಸಾವಿರ ರೂಪಾಯಿಗಳನ್ನು ಕಳುಹಿಸಿ, “ಇದರೊಳಗೇ ಮುಗಿಯಬೇಕು, ಅಣ್ಣ. ಮುಂದಿನ ಕಂತಿನವರೆಗೂ ನನ್ನ ಕೈಯಲ್ಲಿ ಏನೂ ಇಲ್ಲ” ಎಂದು ತಿಳಿಸಿದನು. ಅವನು ಹಾಗೆ ಬಾಯಿಬಿಟ್ಟು ಹೇಳುವ ಸ್ವಭಾವದವನಲ್ಲ.

ಮೊದಲು ಒಂದು ದೊಡ್ಡ ಮಳಿಗೆಗೆ ಹೋದೆವು. ಹೆಸರಾಂತ ತಯಾರಕರ ಮೇಜಿನ ಯಂತ್ರಗಳು ದೇವರ ಮಂಟಪದಂತೆ ದೀಪಗಳ ಕೆಳಗೆ ಸಾಲಾಗಿದ್ದವು. ನಮಗೆ ಒಪ್ಪಿಗೆಯಾದ ಯಂತ್ರದ ಬೆಲೆ 46,000 ರೂಪಾಯಿ. ಪರದೆಗೆ ಪ್ರತ್ಯೇಕವಾಗಿ 8,000. ಒಟ್ಟು 54,000. ಸಂತೋಷವಾಯಿತು. ಆದರೆ ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಅದರಲ್ಲಿದ್ದ ಮೆಮೊರಿ 8 ಗಿಗಾಬೈಟು, ದಾಸ್ತಾನಿನ ಸ್ಥಳ 256 ಗಿಗಾಬೈಟು ಮಾತ್ರ. ಹುಡುಗಿಯ ಕೆಲಸಕ್ಕೆ ಅದು ಸಾಲದು; 16 ಮತ್ತು 512 ಬೇಕು. ಗೃಹಿಣಿಯರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಮೆಮೊರಿ ಎಂದರೆ ಅಡಿಗೆಯ ಕಟ್ಟೆ, ದಾಸ್ತಾನು ಎಂದರೆ ಉಗ್ರಾಣ. ಕಟ್ಟೆ ಕಿರಿದಾದರೆ ನಾಲ್ಕು ಪಾತ್ರೆಗಳನ್ನು ಒಟ್ಟಿಗೆ ಇಡಲಾಗದೆ, ಮತ್ತೆ ಮತ್ತೆ ಉಗ್ರಾಣಕ್ಕೆ ಓಡಾಡಬೇಕಾಗುತ್ತದೆ. ಯಂತ್ರವು ನಿಧಾನವಾಗುವುದು ಹೀಗೆಯೇ.

ಇವೆರಡನ್ನೂ ಹೆಚ್ಚಿಸಿದ ಅದೇ ಯಂತ್ರಕ್ಕೆ ಬೆಲೆ ಎಷ್ಟೆಂದು ಕೇಳಿದೆವು. 61,500 ಎಂದರು. ಅಂದರೆ ಒಂದು ಗೇಣುದ್ದವೂ ಇಲ್ಲದ ಎರಡು ಹಸುರು ಹಲಗೆಗಳಿಗಾಗಿ 15,500 ರೂಪಾಯಿ! ಪರದೆ ಸೇರಿದರೆ 69,500. ನಾವು ಕಡಿಮೆಯದನ್ನೇ ಕೊಂಡು ಮುಂದೆ ಬೆಳೆಸಿಕೊಳ್ಳುತ್ತೇವೆಂದಾಗ ಮಾರಾಟಗಾರ ತರುಣನು ವಿನಯದಿಂದಲೇ, “ಹೊರಗೆ ಪೆಟ್ಟಿಗೆ ಬಿಚ್ಚಿಸಿದರೆ ಕಂಪೆನಿಯ ಭರವಸೆ ಹೋಗುತ್ತದೆ ಸಾರ್” ಎಂದನು. ನಾನು ಹೆದರಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ತಮ್ಮನಿಗೆ ತಿಳಿಯದಂತೆ ಹೆಚ್ಚಿನ ಹಣವನ್ನು ನಾನೇ ಸೇರಿಸಿಬಿಡಲೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹುಡುಗಿಯು ಆ ಯಂತ್ರದ ಕೈಪಿಡಿಯನ್ನು ತನ್ನ ಫೋನಿನಲ್ಲಿ ತೆರೆದಿದ್ದಳು. ಮುಚ್ಚಳವನ್ನು ಬಿಚ್ಚುವ ಬಗೆ, ಮೆಮೊರಿಯ ಕಡ್ಡಿಯನ್ನು ಕೂರಿಸುವ ಬಗೆ, ಎಲ್ಲವನ್ನೂ ತಯಾರಕರೇ ಚಿತ್ರ ಸಮೇತ ಅಚ್ಚುಹಾಕಿದ್ದರು. ಮಾಡಬಾರದ ಕೆಲಸಕ್ಕೆ ಚಿತ್ರ ಬರೆದು ಕೊಡುವವರುಂಟೆ? ಭರವಸೆಯ ಪತ್ರದಲ್ಲಿಯೂ, ಬಿಚ್ಚುವಾಗ ನಾವು ಕೆಡಿಸಿದುದಕ್ಕೆ ಅವರು ಹೊಣೆಯಲ್ಲ ಎಂದಿದ್ದಿತೇ ಹೊರತು, ಬಿಚ್ಚಿದ ಮಾತ್ರಕ್ಕೆ ಭರವಸೆ ರದ್ದಾಗುವುದೆಂದು ಇರಲಿಲ್ಲ. ಕಡಿಮೆಯ ಯಂತ್ರವನ್ನೇ ಕೊಂಡೆವು.

ಮರುದಿನ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಎಸ್. ಪಿ. ರಸ್ತೆಗೆ ಹೋದರೆ ಬೀದಿಯುದ್ದಕ್ಕೂ ಬಾಗಿಲು ಹಾಕಿದ್ದಿತು. ಭಾನುವಾರ. ಬಹುಪಾಲು ಅಂಗಡಿಗಳಿಗೆ ಅಂದು ರಜವೆಂಬುದು ಊರಿಗೆಲ್ಲ ಗೊತ್ತು, ನನ್ನೊಬ್ಬನನ್ನು ಬಿಟ್ಟು. ಪೆಟ್ಟಿಗೆಯನ್ನು ತೊಡೆಯಮೇಲೆ ಇಟ್ಟುಕೊಂಡೇ ಮನೆಗೆ ಹಿಂದಿರುಗಿದೆವು.

ಸೋಮವಾರ ಕಂಡ ಬೀದಿಯೇ ಬೇರೆ. ಕಿರಿದಾದ ರಸ್ತೆ, ಎರಡು ಪಕ್ಕದಲ್ಲಿಯೂ ಸ್ಕೂಟರುಗಳು, ನಡುವೆ ತಲೆಯಮೇಲೆ ಪರದೆಗಳ ಪೆಟ್ಟಿಗೆ ಹೊತ್ತ ಕೂಲಿಗಳು. ಒಂದೊಂದು ಕಟ್ಟಡವೂ ಒಳಗೆ ಹೊಕ್ಕಷ್ಟೂ ಬೆಳೆಯುತ್ತದೆ. ಮೆಟ್ಟಿಲ ಕೆಳಗೊಂದು ಅಂಗಡಿ, ಮೆಟ್ಟಿಲ ಮೇಲೊಂದು, ಓಣಿಯ ಕೊನೆಯಲ್ಲಿ ಇನ್ನೊಂದು. ಒಬ್ಬನಲ್ಲಿ ಬರಿಯ ತಂತಿಗಳು, ಒಬ್ಬನಲ್ಲಿ ಬರಿಯ ಬೀಸಣಿಗೆಗಳು, ಮತ್ತೊಬ್ಬನಲ್ಲಿ ಹಳೆಯ ಯಂತ್ರಗಳಿಂದ ಬಿಚ್ಚಿದ ಸಾಮಾನುಗಳು. ಗಾಜಿನ ಪೆಟ್ಟಿಗೆಯೊಳಗೆ ಮೆಮೊರಿಯ ಕಡ್ಡಿಗಳು ಬರ್ಫಿಯಂತೆ ಜೋಡಿಸಲ್ಪಟ್ಟಿದ್ದವು. ಬೆಲೆಯನ್ನು ಎಲ್ಲಿಯೂ ಬರೆದಿರುವುದಿಲ್ಲ; ನಾಲ್ಕು ಕಡೆ ಕೇಳಬೇಕು, ರಶೀದಿಯನ್ನು ಕೊಡುವವನಲ್ಲಿಯೇ ಕೊಳ್ಳಬೇಕು. ಹಳೆಯ ಕಡ್ಡಿಗೆ ಹೊಸ ಚೀಟಿ ಅಂಟಿಸುವವರೂ ಇರುವ ಲೋಕವಿದು.

ನಾವು ಕುಳಿತ ಅಂಗಡಿಯ ಯಜಮಾನರು ನಡುವಯಸ್ಸಿನವರು. “ಮೆಮೊರಿ ಕೊಡಿ” ಎಂದೊಡನೆ ಕೊಡಲಿಲ್ಲ. “ಯಾವ ಪೀಳಿಗೆಯದು? ನಾಲ್ಕನೆಯದೋ ಐದನೆಯದೋ?” ಎಂದು ಕೇಳಿದರು. ಎರಡು ಕಡ್ಡಿಗಳನ್ನು ಪಕ್ಕಪಕ್ಕದಲ್ಲಿ ಹಿಡಿದು, ಅಂಚಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುವುದನ್ನು ತೋರಿಸಿದರು. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಹಾಗೆ ಮಾಡಿರುವುದಂತೆ. ಪೆಟ್ಟಿಗೆ ಬಿಚ್ಚಿದಾಗ ಮೆಮೊರಿಗೆ ಎರಡು ಮನೆಗಳಿದ್ದು ಒಂದು ಬರಿದಾಗಿದ್ದಿತು. ಅದರಲ್ಲಿ ಜೊತೆಯ ಕಡ್ಡಿಯನ್ನು ಕೂರಿಸಿದರೆ, ಪ್ರೊಸೆಸರು ಎರಡು ದಾರಿಗಳಲ್ಲಿಯೂ ಒಮ್ಮೆಗೇ ವ್ಯವಹರಿಸುವುದರಿಂದ ನಕ್ಷೆಯ ಕೆಲಸ ಇನ್ನಷ್ಟು ಚುರುಕಾಗುವುದೆಂದು ವಿವರಿಸಿದರು. ಕಡ್ಡಿಗೆ 1,650 ರೂಪಾಯಿ. 512ರ ದಾಸ್ತಾನಿಗೆ 3,300. ಕೂಲಿ 250. ಒಟ್ಟು 5,200. ಮಳಿಗೆಯವರು 15,500 ಹೇಳಿದುದೂ ಇದಕ್ಕೇ. ಕೆಲಸ ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದರಲ್ಲಿ ಬಹುಭಾಗ ಹಳೆಯ ದಾಸ್ತಾನಿನಿಂದ ಹೊಸದಕ್ಕೆ ಎಲ್ಲವನ್ನೂ ನಕಲು ಮಾಡುವುದಕ್ಕೆ ಹಿಡಿಯಿತು.

ನನಗೆ ಕೋಪ ಬಂದಿದ್ದಿತು. ಯಜಮಾನರಿಗೆ ಬರಲಿಲ್ಲ. “ಅವರ ಲೆಕ್ಕವೂ ಒಂದುಂಟು ಸ್ವಾಮಿ. ಪರೀಕ್ಷೆ ಮಾಡಿ ಕೊಡುತ್ತಾರೆ, ಕೆಟ್ಟರೆ ಮನೆಗೇ ಬಂದು ನೋಡುತ್ತಾರೆ. ನಾನು ಹಾಕಿದ ಕಡ್ಡಿ ಕೆಟ್ಟರೆ ನೀವು ಇಲ್ಲಿಗೇ ಬರಬೇಕು” ಎಂದರು. ನ್ಯಾಯವಾದ ಮಾತು. ಆದರೆ ಮನೆಗೆ ಬಂದು ನೋಡುವ ಆ ಕರಾರು ಕಡಿಮೆ ಬೆಲೆಯ ಯಂತ್ರಕ್ಕೂ ಇದ್ದಿತಷ್ಟೆ! ಹಾಗಾದರೆ ಹೆಚ್ಚು ಕೊಟ್ಟ ಹತ್ತು ಸಾವಿರ ಯಾವುದಕ್ಕೆ? ಯೋಚಿಸಿದಷ್ಟೂ ನನಗೆ ಕಂಡುದು ಇಷ್ಟು: ಮೊದಲ ಬೆಲೆಯು ಗಿರಾಕಿಯನ್ನು ಒಳಗೆ ಕರೆಯುವುದಕ್ಕಾಗಿ ಇಟ್ಟದ್ದು, ಲಾಭವನ್ನು ಅದರ ಮುಂದಿನ ಮೆಟ್ಟಿಲಲ್ಲಿ ಬಚ್ಚಿಟ್ಟಿದ್ದಾರೆ. ಮೊದಲನೆಯದು ಯಾರಿಗೂ ಸಾಕಾಗದಷ್ಟು ಕಡಿಮೆಯಾಗಿರುವುದು ಆಕಸ್ಮಿಕವಲ್ಲ.

ಹುಡುಗಿಯು ಮುಂದೆಂದಾದರೂ ಚಿತ್ರಗಳಿಗಾಗಿ ಗ್ರಾಫಿಕ್ಸ್ ಕಾರ್ಡನ್ನು ಸೇರಿಸಬಹುದೇ ಎಂದು ಕೇಳಿದಳು. ಯಜಮಾನರು ಒಳಗಿನ ವಿದ್ಯುತ್ ಪೆಟ್ಟಿಗೆಯನ್ನು ತೋರಿಸಿದರು. ಅದರ ತಂತಿಯ ತುದಿ ಎಲ್ಲರೂ ಬಳಸುವ ಮಾದರಿಯದಲ್ಲ. ಆ ತಯಾರಕರದೇ ಸ್ವಂತದ್ದು. ದೊಡ್ಡ ಕಾರ್ಡಿಗೆ ಅದರ ಶಕ್ತಿ ಸಾಲದು, ಬೀದಿಯಲ್ಲಿ ಸಿಗುವ ಬೇರೊಂದು ಅಲ್ಲಿ ಕೂರದು. ಎಲ್ಲ ಬಾಗಿಲುಗಳೂ ತೆರೆದಿಲ್ಲವೆಂದು ಆಗ ತಿಳಿಯಿತು. ಬಿಡಿ ಸಾಮಾನುಗಳನ್ನು ಆರಿಸಿ ಈ ಬೀದಿಯಲ್ಲಿಯೇ ಯಂತ್ರವನ್ನು ಕಟ್ಟಿಸಿದ್ದರೆ ಆ ತೊಡಕು ಇರುತ್ತಿರಲಿಲ್ಲ. ನಾವು ತಡವಾಗಿ ಬಂದೆವು.

ಅಂಗಡಿಯ ಮೂಲೆಯಲ್ಲಿ ರಿಪೇರಿಗೆ ಬಂದ ಒಂದು ಚಪ್ಪಟೆಯಾದ ಮ್ಯಾಕ್ ಮಿನಿ ಇದ್ದಿತು. ಅದನ್ನು ನೋಡಿ ಯಜಮಾನರು ಒಂದು ಪುಟ್ಟ ಚರಿತ್ರೆಯನ್ನೇ ಹೇಳಿದರು. ಆ ಜಾತಿಯ 2012ರ ಯಂತ್ರದ ತಳದ ಮುಚ್ಚಳವನ್ನು ಕೈಯಿಂದ ತಿರುಗಿಸಿದರೆ ಮೆಮೊರಿ ಕಾಣುತ್ತಿದ್ದಿತು. 2014ರದರಲ್ಲಿ ಅದನ್ನು ಹಲಗೆಗೇ ಬೆಸೆದರು. 2018ರಲ್ಲಿ ಮತ್ತೆ ಬಿಚ್ಚುವಂತೆ ಮಾಡಿ, 2020ರಿಂದ ಪ್ರೊಸೆಸರಿನ ಜೊತೆಗೇ ಸೇರಿಸಿಬಿಟ್ಟರು. ಹತ್ತಿರವಿದ್ದಷ್ಟೂ ವೇಗ ಹೆಚ್ಚೆಂಬುದು ಸುಳ್ಳಲ್ಲ. ಆದರೆ 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಮಾದರಿಗೆ ಭಾರತದ ಬೆಲೆ ಆಗ 59,900 ರೂಪಾಯಿ; 16ರ ಮೆಮೊರಿಯನ್ನು 24 ಮಾಡಿಸಿದರೆ 20,000 ಹೆಚ್ಚು, 256ರ ದಾಸ್ತಾನನ್ನು 512 ಮಾಡಿಸಿದರೆ ಇನ್ನೊಂದು 20,000. ಎರಡನ್ನೂ ಕೇಳಿದವನಿಗೆ 99,900! ಪರದೆ, ಕೀಲಿಮಣೆ ಬೇರೆ. “ಮೆಮೊರಿಯ ವಿಷಯದಲ್ಲಿ ನಾನು ಮಾಡುವುದೇನೂ ಇಲ್ಲ. ಕೊಳ್ಳುವ ದಿನವೇ ಐದು ವರ್ಷದ ಅಗತ್ಯವನ್ನು ಊಹಿಸಿ ಹಣ ಕಟ್ಟಬೇಕು” ಎಂದರು ಯಜಮಾನರು. ಮುಂದಿನ ಭಯಕ್ಕೆ ಇಂದೇ ಬೆಲೆ ಕಟ್ಟುವುದು ವಿಮೆಯವರ ವ್ಯಾಪಾರವೆಂದು ನಾನು ತಿಳಿದಿದ್ದೆ.

ಈ ಬೀದಿಯ ಅಗ್ಗವೂ ಶಾಶ್ವತವಲ್ಲವೆಂಬುದನ್ನು ವಾಚಕರಿಗೆ ತಿಳಿಸುವುದು ನನ್ನ ಕರ್ತವ್ಯ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಯ ದೊಡ್ಡ ಗಣಕಾಲಯಗಳು ಲೋಕದ ಮೆಮೊರಿಯನ್ನೆಲ್ಲ ಸೆಳೆದುಕೊಂಡುದರಿಂದ, ಬಿಡಿ ಕಡ್ಡಿಗಳ ಬೆಲೆ ಎರಡು ಪಟ್ಟನ್ನು ಮೀರಿ ಏರಿತು. ಆ ದಿನಗಳಲ್ಲಿ ನೆರೆಯ ನಗರ್ತಪೇಟೆಯಲ್ಲಿ ಚಿನ್ನದ ಧಾರಣೆ ಕೇಳುವಂತೆ, ಇಲ್ಲಿಯೂ ಬೆಳಗಿನ ಧಾರಣೆಯನ್ನು ಕೇಳಿಯೇ ಕೊಳ್ಳಬೇಕಾಯಿತೆಂದು ಯಜಮಾನರು ಮತ್ತೊಮ್ಮೆ ಸಿಕ್ಕಾಗ ಹೇಳಿದರು. ಆದ್ದರಿಂದ ಮಳಿಗೆಯ ಹೆಚ್ಚುವರಿ ಎಷ್ಟು, ಬಿಡಿಯ ಬೆಲೆ ಎಷ್ಟು, ಯಂತ್ರದೊಳಗೆ ಬರಿದಾದ ಮನೆ ಉಂಟೋ ಇಲ್ಲವೋ, ಈ ಮೂರನ್ನೂ ಹಣ ಕೊಡುವ ಮೊದಲು ವಿಚಾರಿಸತಕ್ಕದ್ದು.

ನಮ್ಮ ಯಂತ್ರದಿಂದ ತೆಗೆದ 256ರ ದಾಸ್ತಾನನ್ನು ಯಜಮಾನರು ಕಾಗದದಲ್ಲಿ ಸುತ್ತಿ ಹುಡುಗಿಯ ಕೈಗಿತ್ತರು. 600 ರೂಪಾಯಿಯ ಒಂದು ಹೊರಗವಸನ್ನು ಕೊಂಡು ಅದರೊಳಗೆ ಅದನ್ನಿಟ್ಟೆವು. ಎಲ್ಲ ಸೇರಿ 59,800 ಆಯಿತು. ಉಳಿದ ಇನ್ನೂರರಲ್ಲಿ ಅವೆನ್ಯೂ ರಸ್ತೆಯ ಕಡೆ ನಡೆದುಹೋಗಿ ಕಾಫಿ ಕುಡಿದೆವು. ಸಂಕ್ರಾಂತಿಗೆ ಊರಿಗೆ ಹೋದಾಗ ಆ ಪುಟ್ಟ ಪೆಟ್ಟಿಗೆಯನ್ನು ತಮ್ಮನಿಗೆ ಕೊಟ್ಟಳು. ಶಾಲೆಯ ವಾರ್ಷಿಕೋತ್ಸವದ ಹನ್ನೊಂದು ವರ್ಷಗಳ ಛಾಯಾಚಿತ್ರಗಳು ಈಗ ಅದರಲ್ಲಿವೆ.