ಕಗ್ಗತ್ತಲ ಇರುಳನ್ನು ಓದುವ ಬಗೆ

ಅಧ್ಯಾತ್ಮಗ್ರಂಥಗಳಲ್ಲಿ ಎರಡು ಬಗೆಯ ಕಾಠಿಣ್ಯವುಂಟು. ಶಬ್ದಾರ್ಥ ತಿಳಿಯದೆ ಉಂಟಾಗುವ ಕಾಠಿಣ್ಯ ಒಂದು. ಶಬ್ದಗಳೆಲ್ಲ ತಿಳಿದೂ ಮನಸ್ಸು ಒಪ್ಪದಿರುವುದರಿಂದ ಉಂಟಾಗುವ ಕಾಠಿಣ್ಯ ಇನ್ನೊಂದು. ಮೊದಲನೆಯದಕ್ಕೆ ನಿಘಂಟೂ ಬಲ್ಲವರ ನೆರವೂ ಸಾಕು. ಸ್ಪೇನ್ ದೇಶದ ಕಥೋಲಿಕ ಅನುಭಾವಿ ಶಿಲುಬೆಯ ಸಂತ ಯೊವಾನ್ನರ ಗ್ರಂಥಗಳಲ್ಲಿ ನನ್ನನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ್ದು ಎರಡನೆಯದು. ದೇವರನ್ನು ಪ್ರೀತಿಸಿದವನಿಗೆ ದೇವರೇ ಕತ್ತಲಾಗಿ ತೋರುತ್ತಾನೆ ಎಂದು ಅವರು ಹೇಳುವ ಭಾಗಗಳನ್ನು ಓದಿದಾಗ, ಇದು ಭಕ್ತಿಯೋ ನಿರಾಶೆಯೋ ಎಂಬ ಶಂಕೆ ಯಾರಿಗಾದರೂ ಬರುವಂಥದೇ.

ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದಿದವನು. ಅಲ್ಲಿ ನಮಗೆ ಕಲಿಸಿದ ಕ್ರಮ ಹೀಗಿತ್ತು: ಮೊದಲು ಮೂಲವನ್ನು ಕಂಠಪಾಠ ಮಾಡಬೇಕು, ಬಳಿಕ ಅನ್ವಯ, ಅನಂತರ ಟೀಕೆ. ಟೀಕೆಯನ್ನು ಓದುತ್ತಿರುವಾಗಲೂ ಮೂಲವನ್ನು ಕಣ್ಣೆದುರಿನಿಂದ ಸರಿಸಕೂಡದು. ನಲವತ್ತು ದಾಟಿದ ಮೇಲೆ ಆಲಿಸನ್ ಪಿಯರ್ಸ್ ಅವರ ಇಂಗ್ಲಿಷ್ ಅನುವಾದದಲ್ಲಿ ಯೊವಾನ್ನರ ಗ್ರಂಥಗಳು ಕೈಗೆ ಬಂದಾಗ ಈ ಹಳೆಯ ಕ್ರಮವೇ ನನ್ನ ನೆರವಿಗೆ ಬಂದಿತು. ಏಕೆಂದರೆ ಯೊವಾನ್ನರು ತಮ್ಮ ಪದ್ಯಗಳಿಗೆ ತಾವೇ ಟೀಕೆ ಬರೆದವರು. ಅವರ ಗದ್ಯವನ್ನು ಸ್ವತಂತ್ರ ಶಾಸ್ತ್ರವೆಂದು ಓದಿದವರಿಗೆ ಅದು ಕಬ್ಬಿಣದ ಕಡಲೆ; ಒಂದು ಹಾಡಿನ ಟೀಕೆಯೆಂದು ಓದಿದರೆ ಅದರ ದನಿಯೇ ಬೇರೆ.

ಅವರ ಜೀವನವನ್ನು ಸ್ವಲ್ಪ ತಿಳಿಯದೆ ಆ ದನಿ ಕೇಳಿಸದು. ಆವಿಲ ನಗರದ ಬಳಿಯ ಫೊಂತಿವೆರೋಸ್ ಎಂಬ ಹಳ್ಳಿಯಲ್ಲಿ 1542ರಲ್ಲಿ ಅವರು ಹುಟ್ಟಿದರು. ತಂದೆ ರೇಷ್ಮೆ ವ್ಯಾಪಾರಿಗಳ ಮನೆತನದವನು. ಬಡ ನೇಕಾರ ಹೆಣ್ಣನ್ನು ಮದುವೆಯಾದನೆಂದು ಬಳಗದವರು ಅವನನ್ನು ಹೊರಗಿಟ್ಟರು. ಆತ ಬೇಗನೆ ತೀರಿಕೊಂಡ. ಮಗ್ಗದ ಮುಂದೆ ಕುಳಿತು ತಾಯಿ ಮಕ್ಕಳನ್ನು ಸಾಕಿದಳು. ಹುಡುಗ ಮೆದೀನಾ ದೆಲ್ ಕಾಂಪೋ ಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತ ಓದಿದ. 1563ರಲ್ಲಿ ಕಾರ್ಮೆಲ್ ಸಭೆಯನ್ನು ಸೇರಿ, ಮುಂದೆ ಆವಿಲದ ತೆರೇಸಾ ತಾಯಿಯವರೊಡನೆ ಆ ಸಭೆಯ ಸುಧಾರಣೆಗೆ ನಿಂತ. ಸುಧಾರಣೆಯನ್ನು ಒಪ್ಪದ ಅದೇ ಸಭೆಯ ಸನ್ಯಾಸಿಗಳು 1577ರ ಡಿಸೆಂಬರಿನಲ್ಲಿ ಯೊವಾನ್ನರನ್ನು ಹಿಡಿದೊಯ್ದು ತೊಲೇದೋ ನಗರದ ತಮ್ಮ ಮಠದಲ್ಲಿ ಸೆರೆಯಿಟ್ಟರು. ಸುಮಾರು 6 ಅಡಿ ಅಗಲ, 10 ಅಡಿ ಉದ್ದದ ಕೋಣೆ. ಮೇಲುಗಡೆ ಒಂದು ಸೀಳುಗಿಂಡಿ. ಅಲ್ಲಿಯೇ ಅವರು ಪದ್ಯ ಕಟ್ಟಿದರು. 1578ರ ಆಗಸ್ಟಿನಲ್ಲಿ ಹೊದಿಕೆಗಳನ್ನು ಸೀಳಿ ಹಗ್ಗ ಮಾಡಿಕೊಂಡು ರಾತ್ರಿ ಇಳಿದು ಪಾರಾದರು.

ಹೀಗೆ ಕತ್ತಲನ್ನು ಮೈಯಾರೆ ಕಂಡವರು ಬರೆದ ‘ಕತ್ತಲ ಇರುಳು’ ಎಂಬ ಪದ್ಯದಲ್ಲಿ ಗೋಳಿನ ಸುಳಿವೇ ಇಲ್ಲ. ಎಂಟು ನುಡಿಗಳ ಆ ಹಾಡು ಒಂದು ಹೆಣ್ಣಿನ ಬಾಯಿಂದ ಬರುತ್ತದೆ. ಮನೆಯವರೆಲ್ಲ ಮಲಗಿರಲು ಅವಳು ವೇಷ ಮರೆಸಿಕೊಂಡು, ಗುಟ್ಟಿನ ಏಣಿಯಿಂದ ಇಳಿದು, ಎದೆಯೊಳಗಿನ ಉರಿಯನ್ನೇ ದೀವಿಗೆಯಾಗಿ ಮಾಡಿಕೊಂಡು ನಲ್ಲನನ್ನು ಕೂಡಲು ಹೊರಡುತ್ತಾಳೆ. ಅವಳಿಗೆ ಇರುಳು ಹಗಲಿಗಿಂತಲೂ ಇಷ್ಟವಾದುದು. ಪುರುಷನಾದ ಸನ್ಯಾಸಿ ಹೆಣ್ಣಿನ ದನಿಯಲ್ಲಿ ಹಾಡಿದ್ದಕ್ಕೆ ಪಾಶ್ಚಾತ್ಯ ವ್ಯಾಖ್ಯಾನಕಾರರು ಪುಟಗಟ್ಟಲೆ ಸಮಾಧಾನ ಬರೆದಿದ್ದಾರೆ. ಬೈಬಲ್ಲಿನ ‘ಪರಮಗೀತೆ’ಯ ಪರಂಪರೆ ಒಂದು ಕಾರಣ, ಆತ್ಮವೆಂಬುದಕ್ಕೆ ಸ್ಪಾನಿಷ್ ಭಾಷೆಯಲ್ಲಿರುವ ಶಬ್ದ ಸ್ತ್ರೀಲಿಂಗವೆಂಬುದು ಇನ್ನೊಂದು. ‘ಶರಣಸತಿ ಲಿಂಗಪತಿ’ ಎಂಬ ಭಾವದಲ್ಲಿ ಬೆಳೆದ ನಮ್ಮ ಓದುಗರಿಗೆ ಈ ಸಮಾಧಾನದ ಅಗತ್ಯ ಅಷ್ಟಾಗಿ ಬೀಳದು.

ಕಷ್ಟ ತಲೆದೋರುವುದು ಟೀಕೆಯಲ್ಲಿ. ಈ ಒಂದೇ ಹಾಡಿಗೆ ‘ಕಾರ್ಮೆಲ್ ಬೆಟ್ಟದ ಆರೋಹಣ’, ‘ಕತ್ತಲ ಇರುಳು’ ಎಂಬ ಎರಡು ಗದ್ಯಗ್ರಂಥಗಳು ಹುಟ್ಟಿದವು, ಎರಡೂ ಅಪೂರ್ಣ. ಎರಡನೆಯ ಗ್ರಂಥದ ಟೀಕೆ ಮೂರನೆಯ ನುಡಿಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಮಿಲನವನ್ನು ಹಾಡುವ ಉಳಿದ ನುಡಿಗಳಿಗೆ ಟೀಕೆಯೇ ಇಲ್ಲ. ಆದುದರಿಂದ ಗದ್ಯವನ್ನಷ್ಟೇ ಓದಿದವನು ಏಣಿಯ ಮೆಟ್ಟಿಲುಗಳಲ್ಲೇ ಉಳಿಯುತ್ತಾನೆ. ಅವಳು ನಲ್ಲನನ್ನು ಸೇರಿದಳೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಅತ್ಯಂತ ಕಠಿಣವೆಂದು ಹೆಸರಾದ ಭಾಗ ‘ಆರೋಹಣ’ದ ಮೊದಲ ಸಂಪುಟದ 13ನೆಯ ಅಧ್ಯಾಯದಲ್ಲಿದೆ. ಸುಲಭವಾದುದರ ಬದಲು ಕಷ್ಟವಾದುದು, ರುಚಿಯಾದುದರ ಬದಲು ಅರುಚಿಯಾದುದು, ವಿಶ್ರಾಂತಿಯ ಬದಲು ದುಡಿಮೆ ಎಂದು ಸಾಲುಸಾಲಾಗಿ ಹೇಳುತ್ತ ಹೋಗುವ ಭಾಗವದು. ಇದನ್ನು ವ್ರತನಿಯಮಗಳ ಪಟ್ಟಿಯೆಂದು ತಿಳಿದು ಊಟ ನಿದ್ದೆ ಬಿಟ್ಟವರು ಹಿಂದೆಯೂ ಇದ್ದರು. ಆದರೆ ಅಲ್ಲಿರುವ ಕ್ರಿಯಾಪದವನ್ನು ಗಮನಿಸಬೇಕು. ಕಷ್ಟವಾದುದನ್ನೇ ಮಾಡಿರೆಂದು ಅವರು ಹೇಳುವುದಿಲ್ಲ; ಮನಸ್ಸನ್ನು ಆ ಕಡೆಗೆ ಬಾಗಿಸಲು ಯತ್ನಿಸಿ ಎನ್ನುತ್ತಾರೆ. ನಮ್ಮ ಮನಸ್ಸು ಸದಾ ಸುಖದ ಕಡೆಗೇ ವಾಲಿದ ತಕ್ಕಡಿ. ಅದನ್ನು ನಡುಮಟ್ಟಕ್ಕೆ ತರಲು ಇನ್ನೊಂದು ತಟ್ಟೆಯನ್ನು ಒತ್ತಿ ಹಿಡಿಯಬೇಕಾಗುತ್ತದೆ. ಅದೇ ಅಧ್ಯಾಯದಲ್ಲಿ, ಇದನ್ನು ಕ್ರಮವರಿತು, ವಿವೇಕದಿಂದ ಆಚರಿಸಬೇಕೆಂದೂ ಅವರು ಸೇರಿಸಿದ್ದಾರೆ. ಕಠಿಣವಾಕ್ಯಗಳನ್ನು ಎತ್ತಿ ಹೇಳುವವರು ಈ ಮಾತನ್ನು ಹೇಳುವುದು ಅಪರೂಪ. ವಿವೇಕವಿಲ್ಲದ ದೇಹದಂಡನೆಯನ್ನು ‘ಕತ್ತಲ ಇರುಳು’ ಗ್ರಂಥದಲ್ಲಿ ಅವರು ಪಶುಗಳ ತಪಸ್ಸೆಂದು ಹಳಿದಿದ್ದಾರೆ. ಅದನ್ನು ನಾಲಗೆಯ ಚಪಲದ ಸಾಲಿಗೆ ಸೇರಿಸಿ, ‘ಆಧ್ಯಾತ್ಮಿಕ ಹೊಟ್ಟೆಬಾಕತನ’ ಎಂಬ ದೋಷದಡಿಯಲ್ಲಿ ಇಟ್ಟಿದ್ದಾರೆ. ಜಪಮಾಲೆಗಳನ್ನೂ ಪ್ರತಿಮೆಗಳನ್ನೂ ಕೂಡಿಡುವ ಲೋಭವನ್ನೂ ಅಲ್ಲಿಯೇ ಪರಿಹಾಸ ಮಾಡಿದ್ದಾರೆ. ಮನೆಯ ದೇವರ ಜಗಲಿ ನೋಡಿದಾಗಲೆಲ್ಲ ನನಗೆ ಆ ಪುಟ ನೆನಪಾಗುತ್ತದೆ.

ಅವರು ಬರೆದ ಕಾರ್ಮೆಲ್ ಬೆಟ್ಟದ ಚಿತ್ರದಲ್ಲಿ ನಡುವಿನ ದಾರಿಯ ಮೇಲೆ ಒಂದೇ ಶಬ್ದ ಮತ್ತೆ ಮತ್ತೆ ಬರುತ್ತದೆ: ‘ನಾದ’. ಕನ್ನಡಿಗನಿಗೆ ಇದೊಂದು ವಿನೋದ. ಸ್ಪಾನಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ‘ಏನೂ ಇಲ್ಲ’ ಎಂದರ್ಥ. ಅಲ್ಲಮಪ್ರಭುವಿನ ‘ಬಯಲು’ ಇದೇ ತಾನೇ ಎಂದು ಮಿತ್ರರೊಬ್ಬರು ಕೇಳಿದ್ದುಂಟು. ಹಾಗೆ ಒಂದೇ ಏಟಿಗೆ ಸಮೀಕರಿಸುವುದು ನನಗೆ ಒಪ್ಪಿಗೆಯಿಲ್ಲ. ಬಯಲು ನಮ್ಮಲ್ಲಿ ಸೇರುವ ನೆಲೆ. ಯೊವಾನ್ನರಲ್ಲಿ ‘ನಾದ’ ನಡೆಯುವ ದಾರಿ. ಸೇರುವ ನೆಲೆಗೆ ಅವರು ಬಳಸುವ ಶಬ್ದ ‘ಸರ್ವ’ ಎಂಬರ್ಥದ್ದು. ಹೋಲಿಕೆಗಳನ್ನು ಕಾಣುವ ಸಂತೋಷದಲ್ಲಿ ಭೇದಗಳನ್ನು ಒರಸಿಹಾಕಿದರೆ ಎರಡು ಪರಂಪರೆಗಳಿಗೂ ಅನ್ಯಾಯವಾಗುತ್ತದೆ.

ಇನ್ನು ಮುಖ್ಯವಾದ ಗಂಟು. ದೇವರು ಬೆಳಕಾಗಿದ್ದರೆ ಆತ ಹತ್ತಿರ ಬಂದಾಗ ಕತ್ತಲೇಕೆ ಕವಿಯಬೇಕು? ಉತ್ತರವಾಗಿ ಯೊವಾನ್ನರು ಕೊಡುವ ದೃಷ್ಟಾಂತಗಳನ್ನು ನಿಧಾನವಾಗಿ ನೋಡಬೇಕು. ಸೂರ್ಯನ ಬೆಳಕು ಹೆಚ್ಚಿದಷ್ಟೂ ಗೂಗೆಯ ಕಣ್ಣಿಗೆ ಕತ್ತಲು ಹೆಚ್ಚುತ್ತದೆ, ಕೊರತೆ ಕಣ್ಣಿನದು. ಕಿಟಕಿಯಿಂದ ಬಂದ ಬಿಸಿಲುಕೋಲು ನಮಗೆ ಕಾಣುವುದು ಅದರಲ್ಲಿ ಧೂಳಿನ ಕಣಗಳು ತೇಲುತ್ತಿರುವುದರಿಂದ. ಕಣಗಳೇ ಇಲ್ಲದಿದ್ದರೆ ಕಿರಣ ಶುದ್ಧವಾಗಿರುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಪ್ರಾರ್ಥನೆಯಲ್ಲಿ ನಾವು ‘ಅನುಭವ’ವೆಂದು ಹಿಗ್ಗುವ ರೂಪ, ಕಂಬನಿ, ರೋಮಾಂಚನಗಳು ಈ ಕಣಗಳಂತೆ. ಅವು ಇಲ್ಲವಾದಾಗ ಬೆಳಕೇ ಹೋಯಿತೆಂದು ಸಾಧಕ ಭಾವಿಸುತ್ತಾನೆ.

ಮೂರನೆಯದು ಹಸಿಸೌದೆಯ ದೃಷ್ಟಾಂತ. ಬೆಂಕಿ ತಗುಲಿದೊಡನೆ ಸೌದೆ ಉರಿಯುವುದಿಲ್ಲ. ಮೊದಲು ಒಳಗಿನ ನೀರು ಕಣ್ಣೀರಿನಂತೆ ಹೊರಬರುತ್ತದೆ. ಹೊಗೆ ಏಳುತ್ತದೆ, ವಾಸನೆ ಬರುತ್ತದೆ, ಸೌದೆ ಮೊದಲಿಗಿಂತ ಕಪ್ಪಾಗಿ ವಿಕಾರವಾಗುತ್ತದೆ. ಕೊನೆಗೆ ಅದೇ ಬೆಂಕಿ ಸೌದೆಯನ್ನು ಬೆಂಕಿಯನ್ನಾಗಿ ಮಾಡುತ್ತದೆ. ಇಲ್ಲಿ ನೋಯಿಸುವ ಬೆಂಕಿ ಒಂದು, ಬೆಳಗುವ ಬೆಂಕಿ ಇನ್ನೊಂದು ಎಂದು ಎರಡಿಲ್ಲ. ಒಲೆಯ ಮುಂದೆ ಕುಳಿತು ಊದಿದ ತಾಯಂದಿರಿಗೆ ಈ ಭಾಗಕ್ಕೆ ಟೀಕೆ ಬೇಕಿಲ್ಲ. ಗ್ರಂಥದ ಉಳಿದ ಕಠಿಣವಾಕ್ಯಗಳನ್ನು ಈ ದೃಷ್ಟಾಂತದ ಬಳಿಗೆ ತಂದು ಓದಿದಾಗಲೇ ನನಗೆ ಅವು ಬಿಡಿಸಿಕೊಂಡವು.

ಹಾಗಾದರೆ ಮನಸ್ಸಿಗೆ ಕವಿದ ಮಂಕೆಲ್ಲ ಈ ದೈವೀ ಇರುಳೇ? ಸಾಲ, ಸಾವು, ಸೋಲುಗಳ ದುಃಖಕ್ಕೆಲ್ಲ ಇಂದು ಈ ಹೆಸರನ್ನು ಧಾರಾಳವಾಗಿ ಅಂಟಿಸುತ್ತಾರೆ. ಯೊವಾನ್ನರು ಇಷ್ಟು ಸಡಿಲವಾಗಿ ಮಾತನಾಡಿದವರಲ್ಲ. ‘ಕತ್ತಲ ಇರುಳು’ ಮೊದಲ ಸಂಪುಟದ 9ನೆಯ ಅಧ್ಯಾಯದಲ್ಲಿ ವೈದ್ಯರು ನಾಡಿ ನೋಡುವಂತೆ ಮೂರು ಲಕ್ಷಣಗಳನ್ನು ಕೊಟ್ಟಿದ್ದಾರೆ. ದೇವರ ವಿಷಯದಲ್ಲಿ ರುಚಿ ತಪ್ಪಿದಂತೆಯೇ ಲೋಕದ ವಿಷಯದಲ್ಲೂ ರುಚಿ ಇರಕೂಡದು; ಪೂಜೆ ಬೇಸರವಾಗಿ ಹರಟೆ ಹಿತವಾಗಿದ್ದರೆ ಅದು ಬರಿಯ ಆಲಸ್ಯ. ಎರಡನೆಯದಾಗಿ, ನಾನು ದೇವರ ಸೇವೆ ಮಾಡುತ್ತಿಲ್ಲವಲ್ಲ, ಹಿಂದೆ ಬೀಳುತ್ತಿದ್ದೇನಲ್ಲ ಎಂಬ ಕಳವಳ ಒಳಗೆ ಸದಾ ಇರಬೇಕು. ಮೂರನೆಯದಾಗಿ, ಎಷ್ಟು ಯತ್ನಿಸಿದರೂ ಮೊದಲಿನಂತೆ ಕಲ್ಪನೆಯಿಂದ ಮನನ ಮಾಡಲು ಆಗದಿರಬೇಕು. ಖಿನ್ನತೆಯ ರೋಗವೂ ಇದರೊಡನೆ ಬೆರೆತಿರಬಹುದೆಂದು ಅವರು ಎಚ್ಚರಿಸಿದ್ದಾರೆ. ಬರಿಯ ರೋಗವಾಗಿದ್ದರೆ ಎಲ್ಲದರ ಮೇಲೂ ಜಿಗುಪ್ಸೆ ಮಾತ್ರ ಉಳಿಯುತ್ತದೆ, ದೇವರ ಹಂಬಲ ಉಳಿಯುವುದಿಲ್ಲ ಎಂಬುದು ಅವರು ಕಂಡ ಭೇದ. ಹದಿನಾರನೆಯ ಶತಮಾನದಲ್ಲಿ ಸನ್ಯಾಸಿಯೊಬ್ಬರು ಇಷ್ಟು ಬಿಡಿಸಿ ನೋಡಿದ್ದು ಸಣ್ಣ ಸಂಗತಿಯಲ್ಲ.

ಈ ಲಕ್ಷಣಗಳು ಗ್ರಂಥದಿಂದ ಹೊರಬಂದು ನನ್ನೆದುರು ನಿಂತದ್ದು ನನ್ನ ಹಿರಿಯಕ್ಕನ ಮಾತಿನಲ್ಲಿ. ಐವತ್ತು ವರ್ಷಗಳ ಕಾಲ ಒಂದು ದಿನವೂ ಲಿಂಗಪೂಜೆ ತಪ್ಪಿಸದ ಹೆಣ್ಣುಮಗಳು ಅವಳು. ಒಂದು ದಿನ ಮೆಲ್ಲಗೆ, “ತಮ್ಮಾ, ಲಿಂಗಾ ಕೈಯಾಗ ಹಿಡಕೊಂಡು ಕುಂದರ್ತೀನಿ, ಏನೂ ಅನಸೂದಿಲ್ಲ. ಶಿವ ನನ್ನ ಕೈ ಬಿಟ್ಟಾನೇನು?” ಎಂದಳು. ನೆರೆಯವರೊಬ್ಬರು, ಏನೋ ತಪ್ಪು ನಡೆದಿರಬೇಕು, ಇನ್ನೊಂದು ವ್ರತ ಹಿಡಿ ಎಂದಿದ್ದರಂತೆ. ನಿದ್ದೆ ಹೇಗೆ, ಊಟ ಹೇಗೆ ಎಂದು ಮೊದಲು ಕೇಳಿದೆ, ಎರಡೂ ಸರಿಯಾಗಿದ್ದವು. ಮೊಮ್ಮಕ್ಕಳ ಆಟಪಾಟ, ಮದುವೆ ಮುಂಜಿಗಳಲ್ಲಾದರೂ ಮನಸ್ಸು ಅರಳುವುದೇ ಎಂದು ಕೇಳಿದೆ. “ಎಲ್ಲಾ ಛಲೋನ ಐತಿ, ಆದ್ರ ಯಾವುದೂ ಒಳಗ ಇಳಿಯೂದಿಲ್ಲ” ಎಂದಳು. ಈ ಚಿಂತೆ ಯಾವಾಗ ಬರುತ್ತದೆ ಎಂದೆ. “ಬರೂದೇನು, ಹೋಗಾಂಗೇ ಇಲ್ಲ” ಎಂದಳು.

ಸ್ಪೇನ್ ದೇಶದ ಸಂತರ ಹೆಸರನ್ನು ನಾನು ಎತ್ತಲಿಲ್ಲ. ಹೊಸ ವ್ರತ ಬೇಡ, ಮಂತ್ರದ ಲೆಕ್ಕವನ್ನೂ ಹೆಚ್ಚಿಸಬೇಡ, ಏನೂ ಅನಿಸದಿದ್ದರೆ ಅನಿಸದಂತೆಯೇ ಸುಮ್ಮನೆ ಕುಳಿತಿರು, ಕೈ ಬಿಟ್ಟವನಿಗಾಗಿ ಯಾರೂ ಇಷ್ಟು ಹಂಬಲಿಸುವುದಿಲ್ಲ ಎಂದಷ್ಟೇ ಹೇಳಿದೆ. ಅವಳು ಹಾಗೆಯೇ ಕುಳಿತಳು. ಮೊದಲಿನ ಸವಿ ಮರಳಿತೆಂದು ಅವಳು ಹೇಳಿದ್ದನ್ನು ನಾನು ಕೇಳಲಿಲ್ಲ. ಆದರೆ ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಲೂ ಇಲ್ಲ. ಆಮೇಲೆ ಆರು ವರ್ಷ ಬದುಕಿದ್ದಳು.

ಕೋಲ್ಕತ್ತದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ಬರಿಯ ಕತ್ತಲೇ ಇತ್ತೆಂಬುದು ಲೋಕಕ್ಕೆ ತಿಳಿಯಿತು. ಆಕೆಯ ನಂಬಿಕೆಯೇ ಅಳಿದಿತ್ತೆಂದು ವಾದಿಸಿದವರೂ ಇದ್ದರು. ಆಕೆಯ ಇರುಳು ಯೊವಾನ್ನರು ವರ್ಣಿಸಿದ ಇರುಳೇ ಎಂಬುದನ್ನು ಅವರ ಧರ್ಮಸಭೆಯ ಪಂಡಿತರು ಚರ್ಚಿಸಲಿ. ಆದರೆ ಆ ಎರಡನೆಯ ಲಕ್ಷಣವನ್ನು ಬಲ್ಲ ಓದುಗನು ಅಷ್ಟು ಅವಸರದಿಂದ ತೀರ್ಪು ಕೊಡಲಾರ.

ತೀರ್ಪು ಕೊಡುವ ಗುರುಗಳ ಮೇಲೆಯೇ ಯೊವಾನ್ನರಿಗೆ ಹೆಚ್ಚಿನ ಕೋಪ. ‘ಪ್ರೇಮದ ಜೀವಂತ ಜ್ವಾಲೆ’ ಎಂಬ ಗ್ರಂಥದಲ್ಲಿ ಅಂಥವರನ್ನು, ಸುತ್ತಿಗೆ ಬೀಸುವುದೊಂದನ್ನೇ ಬಲ್ಲ ಕಮ್ಮಾರನಿಗೆ ಹೋಲಿಸುತ್ತಾರೆ. ಸುಮ್ಮನಿರಬೇಕಾದ ಜೀವವನ್ನು ಮನನ ಮಾಡು, ಇನ್ನಷ್ಟು ದುಡಿ ಎಂದು ಬಡಿಯುತ್ತಲೇ ಇರುತ್ತಾರೆ ಎಂದು ದೂರುತ್ತಾರೆ. ಆ ಗ್ರಂಥವನ್ನು ಅವರು ಬರೆದದ್ದು ಗ್ರನಾದಾ ನಗರದ ಒಬ್ಬ ಗೃಹಸ್ಥ ವಿಧವೆ, ಆನಾ ದೆ ಪೆನ್ಯಾಲೋಸಾ ಎಂಬವರ ಕೋರಿಕೆಯ ಮೇರೆಗೆ. ಅವರ ಅತ್ಯುನ್ನತ ಗ್ರಂಥ ಮಠದ ಗೋಡೆಯ ಹೊರಗಿನ ಒಬ್ಬ ಹೆಣ್ಣುಮಗಳಿಗಾಗಿ ಹುಟ್ಟಿದ್ದನ್ನು, ಇವು ಸನ್ಯಾಸಿಗಳ ಓದು ಎಂದು ಬದಿಗಿಡುವವರು ಗಮನಿಸಬೇಕು.

ಯೊವಾನ್ನರು 1591ರ ಡಿಸೆಂಬರ್ 14ರಂದು ಊಬೆದಾ ಎಂಬ ಊರಿನಲ್ಲಿ, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗ್ರಂಥಗಳು ಅಚ್ಚಾದದ್ದು 1618ರಲ್ಲಿ. ಧರ್ಮಸಭೆ ಅವರನ್ನು ಸಂತರೆಂದು ಸಾರಿದ್ದು 1726ರಲ್ಲಿ.

ಇಂಗ್ಲಿಷ್ ಬಲ್ಲ ನಮ್ಮ ಯುವಕ ಯುವತಿಯರು ಇವುಗಳನ್ನು ಓದಬಯಸಿದರೆ ಮೊದಲು ಹಾಡುಗಳನ್ನು ಬಾಯಿಗೆ ಬರುವಷ್ಟು ಓದಲಿ. ಆಮೇಲೆ ‘ಕತ್ತಲ ಇರುಳು’ ಮೊದಲ ಸಂಪುಟ. ಅದು ಚಿಕ್ಕದು, ಅಲ್ಲಲ್ಲಿ ನಗುವೂ ಬರುತ್ತದೆ. ಎರಡನೆಯ ಸಂಪುಟದಲ್ಲಿ ಸೌದೆಯ ದೃಷ್ಟಾಂತವಿರುವ 10ನೆಯ ಅಧ್ಯಾಯವನ್ನು ಮುಂದಾಗಿಯೇ ಓದಿ, ಅನಂತರ ಹಿಂದಿನ ಅಧ್ಯಾಯಗಳಿಗೆ ಮರಳಬಹುದು. ‘ಆರೋಹಣ’ದ ಎರಡನೆಯ ಸಂಪುಟವನ್ನು ಕೊನೆಗೆ ಇಟ್ಟುಕೊಳ್ಳಲಿ, ದರ್ಶನ, ಅಶರೀರವಾಣಿಗಳ ಉದ್ದನೆಯ ವಿಚಾರ ಅಲ್ಲಿದೆ, ಮೊದಲ ಸಲ ಓದುವವರು ಅದನ್ನು ದಾಟಿ ಹೋದರೂ ಬಾಧಕವಿಲ್ಲ.