ಇಪ್ಪತ್ತು ಮೀಟರಿನ ಲೆಕ್ಕ

ಟೆಲಿಫೋಟೊ ಲೆನ್ಸನ್ನು ನಮ್ಮ ಜನ ಮಿಲಿಮೀಟರ್ ಲೆಕ್ಕದಲ್ಲಿ ಕೊಳ್ಳುತ್ತಾರೆ, ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಅರಿವೆ ಕೊಂಡ ಹಾಗೆ. 300ಕ್ಕಿಂತ 400 ದೊಡ್ಡದು, 400ಕ್ಕಿಂತ 600 ದೊಡ್ಡದು. ಕೈಯಲ್ಲಿ ಎಷ್ಟು ಹಣವಿದೆಯೋ ಅಷ್ಟು ದೊಡ್ಡದನ್ನು ತಂದರಾಯಿತು ಎಂಬುದು ಸಾಮಾನ್ಯ ಅಭಿಪ್ರಾಯ. ನನ್ನ ತಂಗಿಯ ಮಗನ ಅಭಿಪ್ರಾಯವೂ ಇದೇ ಆಗಿತ್ತು. ದಾವಣಗೆರೆಯಲ್ಲಿ ದುಡಿಯುವ ಈ ಹುಡುಗ ಎರಡು ವರ್ಷ ಬಿರಿಯಾನಿ, ಸಿನಿಮಾ ಎಲ್ಲ ಬಿಟ್ಟು ಲಕ್ಷದ ಮೇಲೆ ಸ್ವಲ್ಪ ಕೂಡಿಟ್ಟಿದ್ದ. ಅತ್ತ ಅವನ ಅಕ್ಕನ ಮದುವೆಗೆ ಮಾಡಿದ ಸಾಲದಲ್ಲಿ ಒಂದು ಕಂತು ಹಾಗೆಯೇ ಉಳಿದಿತ್ತು. "ಭಾಯಿ, ಹಕ್ಕಿ ಫೋಟೋ ತೆಗೆಯೋಕೆ ಲಕ್ಷ ರೂಪಾಯಿಯ ದುರ್ಬೀನು ಯಾಕಂತೆ? ನೀವೇ ಅವನಿಗೆ ಹೇಳಿ" ಎಂದು ತಂಗಿ. "ಮಾಮೂ, ನಾನೂರರ ಲೆನ್ಸ್ ಇಲ್ಲದಿದ್ದರೆ ಏನೂ ಸಿಗಲ್ಲ, ಅಮ್ಮನಿಗೆ ನೀವೇ ಹೇಳಿ" ಎಂದು ಅವನು. ಹೀಗೆ ಒಂದು ಮನೆಯ ಪಂಚಾಯಿತಿ ನನ್ನ ತಲೆಗೆ ಬಂತು. ವರ್ಷಗಳಿಂದ ಸಾಸ್ವೆಹಳ್ಳಿಯ ಆಸುಪಾಸಿನಲ್ಲಿ ಸಣ್ಣ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತಿರುಗಿದವನಾದ್ದರಿಂದ ತೀರ್ಪು ಕೊಡದೆ ವಿಧಿಯಿರಲಿಲ್ಲ.

ಮೊದಲು ಈ ಸಣ್ಣ ಕ್ಯಾಮೆರಾಗಳ ವಿಷಯ. ಒಳಗೆ ಕನ್ನಡಿಯಿಲ್ಲದ, ಮಿರರ್‌ಲೆಸ್ ಎಂದು ಕರೆಯುವ ಕ್ಯಾಮೆರಾಗಳಲ್ಲಿ ಮೈಕ್ರೊ ಫೋರ್ ಥರ್ಡ್ಸ್ ಎಂಬುದೊಂದು ಬಗೆ. ಒಲಿಂಪಸ್ ಮತ್ತು ಪ್ಯಾನಸೋನಿಕ್ ಕಂಪೆನಿಗಳು ಸೇರಿ 2008ರಲ್ಲಿ ಇದನ್ನು ಪ್ರಕಟಿಸಿದವು. ಇದರ ಸೆನ್ಸರ್ 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರ. ಹಳೆಯ ಫಿಲ್ಮಿನ ಅಳತೆಯ ಫುಲ್ ಫ್ರೇಮ್ ಸೆನ್ಸರ್ 36 ಮತ್ತು 24 ಮಿ.ಮೀ. ಕಿಟಕಿ ಸಣ್ಣದಾದಾಗ ಹೊರಗಿನ ದೃಶ್ಯದ ಸಣ್ಣ ಭಾಗವಷ್ಟೇ ಕಾಣುತ್ತದೆ. ಆ ಸಣ್ಣ ಭಾಗವೇ ಚಿತ್ರದ ತುಂಬ ಹರಡಿಕೊಳ್ಳುತ್ತದೆ. ಅದಕ್ಕೇ ಇಲ್ಲಿನ 300 ಮಿ.ಮೀ. ಲೆನ್ಸಿನ ನೋಟ ಅಲ್ಲಿನ 600 ಮಿ.ಮೀ.ಗೆ ಸಮ. ಪ್ಯಾನಸೋನಿಕ್‌ನ 100–300 ಲೆನ್ಸಿನ ತೂಕ 520 ಗ್ರಾಂ, ಹೆಚ್ಚೂಕಡಿಮೆ ಅರ್ಧ ಕಿಲೋ ಸಕ್ಕರೆ ಪೊಟ್ಟಣದಷ್ಟು. ಅದೇ ಕಂಪೆನಿ ಲೈಕಾ ಹೆಸರಿನಲ್ಲಿ 2016ರಲ್ಲಿ ತಂದ 100–400 ಲೆನ್ಸು 985 ಗ್ರಾಂ. ಒಲಿಂಪಸ್ 2020ರಲ್ಲಿ ತಂದ 100–400 ಇನ್ನೂ ಕೊಂಚ ಭಾರ. ಒಲಿಂಪಸ್ ತನ್ನ ಕ್ಯಾಮೆರಾ ವ್ಯವಹಾರವನ್ನು 2021ರಲ್ಲಿ ಬೇರೆ ಕಂಪೆನಿಗೆ ಒಪ್ಪಿಸಿದ ಮೇಲೆ ಆ ಸಾಲಿನ ಲೆನ್ಸುಗಳು ಓಎಂ ಸಿಸ್ಟಮ್ ಎಂಬ ಹೆಸರಿನಲ್ಲಿ ಬರುತ್ತಿವೆ. ನಮ್ಮ ಹುಡುಗನ ಕ್ಯಾಮೆರಾ ಪ್ಯಾನಸೋನಿಕ್, ಕಣ್ಣಿಟ್ಟಿದ್ದು ಲೈಕಾ 100–400ರ ಮೇಲೆ. ಅದರ ಬೆಲೆ ಲಕ್ಷ ದಾಟುತ್ತದೆ. 100–300 ಅದರ ಅರ್ಧದ ಆಸುಪಾಸಿನಲ್ಲಿ ಸಿಗುತ್ತದೆ.

ಅವನನ್ನು ಒಂದು ಭಾನುವಾರ ಊರಿಗೆ ಕರೆಸಿ ಭದ್ರಾ ನಾಲೆಯ ದಂಡೆಗೆ ಕರೆದುಕೊಂಡು ಹೋದೆ. ಕೈಯಲ್ಲಿ ಲೆನ್ಸ್ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ಗದ್ದೆಯಂಚಿನ ಕರೆಂಟು ತಂತಿಯ ಮೇಲೆ ಬಿಳಿ ಎದೆಯ ಮಿಂಚುಳ್ಳಿ ಕೂತಿತ್ತು. ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂ.ಮೀ. ಉದ್ದದ ಹಕ್ಕಿ. ನಮ್ಮಿಂದ ಇಪ್ಪತ್ತು ಮೀಟರ್ ಇದ್ದೀತು. ಲೆಕ್ಕ ಬಹಳ ಸುಲಭ. ಸೆನ್ಸರಿನ ಅಗಲವನ್ನು ಲೆನ್ಸಿನ ಉದ್ದದಿಂದ ಭಾಗಿಸಿ ದೂರದಿಂದ ಗುಣಿಸಿದರೆ ಚಿತ್ರದಲ್ಲಿ ಎಷ್ಟು ಅಗಲದ ಜಾಗ ಬರುತ್ತದೆ ಎಂದು ಸಿಗುತ್ತದೆ. 300ರ ಲೆನ್ಸಿನಲ್ಲಿ ಇಪ್ಪತ್ತು ಮೀಟರ್ ದೂರದ 1 ಮೀ. 15 ಸೆಂ.ಮೀ. ಜಾಗ ಬರುತ್ತದೆ, ಮಿಂಚುಳ್ಳಿ ಅದರಲ್ಲಿ ಕಾಲು ಭಾಗ. 400ರಲ್ಲಿ ಬರುವುದು 86 ಸೆಂ.ಮೀ. ಚಿಲ್ಲರೆ, ಹಕ್ಕಿ ಮೂರನೇ ಒಂದು ಭಾಗ. ಈಗ 300ರ ಲೆನ್ಸನ್ನೇ ಹಿಡಿದು ಹದಿನೈದು ಮೀಟರಿಗೆ ಹೋದರೆ? ಅದೇ 86 ಸೆಂ.ಮೀ. ಚಿಲ್ಲರೆ. ಎಂದರೆ ಐವತ್ತು ಸಾವಿರ ಹೆಚ್ಚು ಕೊಟ್ಟು ನೀನು ಕೊಳ್ಳುತ್ತಿರುವುದು ಐದು ಮೀಟರ್, ಅಂದರೆ ಏಳೆಂಟು ಹೆಜ್ಜೆ ಎಂದೆ. ಹುಡುಗ ನೋಟ್‌ಬುಕ್ ಕಸಿದುಕೊಂಡು ತಾನೇ ಎರಡು ಸಲ ಮಾಡಿ ನೋಡಿದ.

ವಿಷಯ ಇಲ್ಲಿಗೇ ಮುಗಿದಿದ್ದರೆ ತಂಗಿ ಗೆದ್ದಂತಾಗುತ್ತಿತ್ತು. ಆದರೆ ಆ ಏಳೆಂಟು ಹೆಜ್ಜೆ ಯಾರದು? ಮುಂದೆ ಹೋದಾಗ ಕೊಯ್ಲಾದ ಗದ್ದೆಯಲ್ಲಿ ಟಿಟ್ಟಿಭಗಳು ನಮ್ಮನ್ನು ಕಂಡು ಕಿರುಚತೊಡಗಿದವು. ಒಂದು ನೆತ್ತಿಯ ಮೇಲೆ ಸುತ್ತು ಹಾಕಿತು, ಇನ್ನೊಂದು ನೆಲದ ಮೇಲೆ ಓಡಿ ಓಡಿ ನಿಂತಿತು. ಟಿಟ್ಟಿಭಕ್ಕೆ ಗೂಡೆಂಬುದೇ ಇಲ್ಲ. ಬಯಲಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು, ನೆಲದ ಬಣ್ಣದ್ದೇ ನಾಲ್ಕು ಮೊಟ್ಟೆ. ಬೇಸಿಗೆಯಲ್ಲಿ ತಾಯಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಷ್ಟೇ ಅಲ್ಲ, ಬಿಸಿಲಿನಿಂದ ನೆರಳು ಮಾಡಲಿಕ್ಕೂ ಹೌದು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ನಾವು ಹತ್ತಿರ ನಿಂತಷ್ಟು ಹೊತ್ತು ಅದು ದೂರ ನಿಲ್ಲುತ್ತದೆ, ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ನಮ್ಮನ್ನು ನೋಡುತ್ತಾ ಮರದ ಮೇಲೆ ಕಾಗೆ ಬೇರೆ ಕಾದಿರುತ್ತದೆ. "ಇನ್ನು ಐದು ಮೀಟರ್ ಮಾಮೂ, ಮೊಬೈಲಲ್ಲೇ ಒಂದು ತೆಗೀತೀನಿ" ಎಂದ ಹುಡುಗನ ತೋಳು ಹಿಡಿದು ಹಿಂದಕ್ಕೆ ಕರೆತಂದೆ. ಇಲ್ಲಿ ಐದು ಮೀಟರ್ ನಮ್ಮದಲ್ಲ, ಹಕ್ಕಿಯದು. ಇಂಥ ಕಡೆ ಉದ್ದದ ಲೆನ್ಸ್ ಇದ್ದರೂ ಗೂಡಿನ ಚಿತ್ರ ಬೇಡವೆಂದೇ ಬಲ್ಲವರು ಹೇಳುತ್ತಾರೆ. ವನ್ಯಜೀವಿ ಛಾಯಾಗ್ರಹಣದ ಅನೇಕ ಸ್ಪರ್ಧೆಗಳು ಅಂಥ ಚಿತ್ರಗಳನ್ನು ಸ್ವೀಕರಿಸುವುದೂ ಇಲ್ಲ.

ಮಿಂಚುಳ್ಳಿಯ ಮಾತು ಬೇರೆ. ದಿನಾ ಬೆಳಿಗ್ಗೆ ಅದೇ ತಂತಿ, ಅದೇ ಕಂಬ. ನೀವು ಮೊದಲೇ ಹೋಗಿ ಅಡಿಕೆ ತೋಟದ ಬೇಲಿಯ ಮರೆಯಲ್ಲಿ ಕೂತರೆ ಅದಾಗಿಯೇ ಹತ್ತು ಮೀಟರಿಗೆ ಬರುತ್ತದೆ. ಆ ಐದು, ಹತ್ತು ಮೀಟರನ್ನು ಹಣದ ಬದಲು ಹೊತ್ತು ಕೊಟ್ಟು ಕೊಳ್ಳಬಹುದು. ಹಳಬರು ಮಾಡಿದ್ದೂ ಅದೇ. ನಮ್ಮ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಕಾಲದಲ್ಲಿ ಇಷ್ಟು ಹಗುರದ ಲೆನ್ಸುಗಳು ಎಲ್ಲಿದ್ದವು? ಮರೆ ಕಟ್ಟಿಕೊಂಡು ಕಾಯುವುದೇ ಅಂದಿನ ಕಸುಬು.

ಕ್ಯಾಮೆರಾ ಅಂಗಡಿಯವರು ಒಂದು ಮಾತನ್ನು ಪೂರ್ತಿ ಹೇಳುವುದಿಲ್ಲ. 300 ಎಂದರೆ 600ಕ್ಕೆ ಸಮ ಎನ್ನುತ್ತಾರೆ. ನೋಟಕ್ಕೆ ಸಮ, ಬೆಳಕಿಗೆ ಸಮವಲ್ಲ. ಲೆನ್ಸಿಗೂ ಬಾವಿಯ ಹಾಗೆ ಒಂದು ಬಾಯಿ ಇದೆ. ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ಬಾಯಿಯ ಅಗಲ ಬರುತ್ತದೆ. 300 ಮಿ.ಮೀ., ಎಫ್ 5.6 ಆದರೆ ಸುಮಾರು 54 ಮಿ.ಮೀ. ವೃತ್ತಿಪರರ 600 ಮಿ.ಮೀ., ಎಫ್ 4 ಲೆನ್ಸಿಗೆ 150 ಮಿ.ಮೀ. ಬಾಯಿ, ಮೂರು ಕಿಲೋ ತೂಕ, ಹತ್ತು ಲಕ್ಷಕ್ಕೂ ಮೇಲೆ ಬೆಲೆ. ಹಕ್ಕಿಯಿಂದ ಹೊರಟ ಬೆಳಕಿನಲ್ಲಿ ಎಷ್ಟು ಪಾಲು ನಮಗೆ ಸಿಗುತ್ತದೆ ಎಂಬುದನ್ನು ಈ ಬಾಯಿ ತೀರ್ಮಾನಿಸುತ್ತದೆ. ಕ್ಯಾನನ್ ಕಂಪೆನಿ 2020ರಲ್ಲಿ ಫುಲ್ ಫ್ರೇಮಿಗೆ 600 ಮಿ.ಮೀ., ಎಫ್ 11ರ ಒಂದು ಲೆನ್ಸ್ ತಂದಾಗ ಎಫ್ 11 ಎಂದು ಕೇಳಿ ನಕ್ಕವರಿದ್ದರು. ಅದರ ಬಾಯಿಯೂ ಸುಮಾರು 54 ಮಿ.ಮೀ. ತಾನೇ! ನಮ್ಮ ಸಕ್ಕರೆ ಪೊಟ್ಟಣಕ್ಕೂ ಅದಕ್ಕೂ ಈ ಲೆಕ್ಕದಲ್ಲಿ ಭೇದವಿಲ್ಲ. ಇನ್ನು ಲೈಕಾ 400ರ ತುದಿಯಲ್ಲಿ ಎಫ್ 6.3, ಬಾಯಿ 63 ಮಿ.ಮೀ. ಚಿಲ್ಲರೆ. ಹೆಚ್ಚು, ಆದರೆ ಕತ್ತಲನ್ನು ಗೆಲ್ಲುವಷ್ಟಲ್ಲ.

ಕತ್ತಲೆಂದಾಗ ನೆನಪಾಗುವುದು ಜಗಳೂರು ತಾಲೂಕಿನ ರಂಗಯ್ಯನದುರ್ಗ. ಕೊಂಡುಕುರಿಗಳಿಗಾಗಿ 2011ರಲ್ಲಿ ಘೋಷಿಸಿದ ವನ್ಯಧಾಮ ಅದು, ಸುಮಾರು 77 ಚದರ ಕಿಲೋಮೀಟರಿನ ಕುರುಚಲು ಕಾಡು. ಗಂಡಿಗೆ ನಾಲ್ಕು ಕೊಂಬು, ಎತ್ತರ ಎರಡು ಅಡಿಯಷ್ಟು. ಹಿಂಡು ಕಟ್ಟದ, ಸಂಕೋಚದ ಪ್ರಾಣಿ. ಓಡಾಡುವುದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಪೊದೆಯ ಮರೆಯಲ್ಲಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದರೂ ಆ ಹೊತ್ತಿಗೆ ಬೇಕಾದದ್ದು ಲೆನ್ಸಿನ ಉದ್ದವಲ್ಲ, ಬಾಯಿ. ಹುಡುಗನ ಪಟ್ಟಿಯಲ್ಲಿ ಕೊಂಡುಕುರಿ ಮೊದಲನೆಯದಾಗಿತ್ತು. ಲಕ್ಷದ ಲೆನ್ಸಿನಿಂದಲೂ ಅದು ಕಾಳು ಕಾಳಾದ ಚಿತ್ರವಾಗಿಯೇ ಬರುತ್ತದೆ ಎಂದು ಹೇಳುವಾಗ ನನಗೂ ಕಸಿವಿಸಿಯಾಯಿತು.

ಚನ್ನಗಿರಿ ತಾಲೂಕಿನ ಸೂಳೆಕೆರೆಯದು ಇನ್ನೊಂದು ಕಥೆ. ಶಾಂತಿಸಾಗರವೆಂದೂ ಕರೆಯುವ ಆ ಮಹಾಕೆರೆಯ ಏರಿಯ ಮೇಲೆ ನಿಂತರೆ ನೀರುಕಾಗೆಗಳು ಇನ್ನೂರು ಮೀಟರ್ ಆಚೆ. 400ರಲ್ಲಿ ನೋಡಿದರೂ ಎಂಟೂವರೆ ಮೀಟರ್ ನೀರಿನ ನಡುವೆ ಒಂದು ಕರಿ ಕಾಳು. ಸಾಲದ್ದಕ್ಕೆ ಒಂಬತ್ತು ಗಂಟೆಯ ಮೇಲೆ ಬಿಸಿಗಾಳಿ ಕುಣಿಯತೊಡಗುತ್ತದೆ. ಯಾವ ಲೆನ್ಸ್ ಹಾಕಿದರೂ ಹಕ್ಕಿಯ ಅಂಚು ಕಲಸಿಹೋಗುತ್ತದೆ. ಅಲ್ಲಿ ನಾನು ಲೆನ್ಸನ್ನು 100ಕ್ಕೆ ಇಳಿಸಿ ಗುಡ್ಡ, ನೀರು, ಮೀನುಗಾರನ ತೆಪ್ಪ, ಮೇಲೆ ಹಾರುವ ಬೆಳ್ಳಕ್ಕಿ ಸಾಲು ತೆಗೆಯುತ್ತೇನೆ. ಹಕ್ಕಿ ಎಲ್ಲಿ ಬದುಕುತ್ತದೆ ಎಂಬುದೂ ಚಿತ್ರದಲ್ಲಿ ಬರಬೇಡವೇ?

ದೊಡ್ಡ ಲೆನ್ಸಿನ ಇನ್ನೊಂದು ಫಜೀತಿ ಹಳ್ಳಿಯವರಿಗಷ್ಟೇ ಗೊತ್ತು. ಪಟ್ಟಣದ ಪರಿಚಿತರೊಬ್ಬರು ಒಮ್ಮೆ ಎರಡು ಕಿಲೋ ಮೀರಿದ ಬಿಳಿ ಲೆನ್ಸ್, ಮುಕ್ಕಾಲಿ ಸಮೇತ ನಮ್ಮ ಕಡೆ ಬಂದಿದ್ದರು. ಮುಕ್ಕಾಲಿ ಊರಿದ ಹತ್ತು ನಿಮಿಷಕ್ಕೆ ಜನ ನೆರೆದರು. "ಯಾವ ಇಲಾಖೆ ಸ್ವಾಮಿ? ಏತ ನೀರಾವರಿಗೆ ಸರ್ವೆನಾ? ನಮ್ಮ ಹೊಲದಲ್ಲಿ ಪೈಪು ಹೋಗುತ್ತಾ?" ಎಂದು ಒಬ್ಬ ಅಜ್ಜನ ಪ್ರಶ್ನೆ. ಹೊಲದ ಚಿಂತೆ ನಗುವಂಥದ್ದಲ್ಲ, ಸಮಾಧಾನ ಹೇಳುವಷ್ಟರಲ್ಲಿ ಸೂರ್ಯ ನೆತ್ತಿಗೇರಿದ. ಬೈಕಿನ ಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕ ಕೂರುವ ಲೆನ್ಸಿಗೆ ಈ ತಾಪತ್ರಯವಿಲ್ಲ. ಕೆಲಸಕ್ಕೆ ಹೊರಟವನ ಕೈಯಲ್ಲೂ ಅದು ಇರುತ್ತದೆ. ಮನೆಯಲ್ಲಿಟ್ಟ ಲೆನ್ಸಿನಿಂದ ಯಾರೂ ಚಿತ್ರ ತೆಗೆದಿಲ್ಲ.

ಮಾಮಂದಿರ ಜವಾಬ್ದಾರಿಯ ಬಗ್ಗೆ ಯೋಚಿಸುವಾಗ ನನಗೆ ಸಲೀಂ ಅಲಿಯವರ ಬಾಲ್ಯ ನೆನಪಾಗುತ್ತದೆ. ತಂದೆತಾಯಿಯಿಲ್ಲದ ಅವರನ್ನು ಸಾಕಿದ್ದು ತಾಯಿಯ ಸಹೋದರ ಅಮಿರುದ್ದೀನ್ ತ್ಯಾಬ್ಜಿ. ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಅದೇನೆಂದು ಕೇಳಿದಾಗ ಮಾಮ ಗದರಲಿಲ್ಲ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿಕೊಟ್ಟರು. ಅದೇ ಹುಡುಗ 1939–40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅಂದಿನ ಪದ್ಧತಿಯಂತೆ ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದೇ ಗುರುತಿಸಬೇಕಿತ್ತು. ಇಂದು ಇಪ್ಪತ್ತು ಮೀಟರ್ ದೂರದಿಂದ ಅದರ ಕಣ್ಣಿನ ಸುತ್ತಿನ ಗರಿಯನ್ನೂ ಎಣಿಸಬಹುದು, ಹಕ್ಕಿಗೆ ನಾವಿರುವುದೇ ತಿಳಿಯದಂತೆ. ಇದು ಸಣ್ಣ ಭಾಗ್ಯವಲ್ಲ. ಅದಕ್ಕೇ ಲೆನ್ಸೇ ಬೇಡ ಎಂದು ಹುಡುಗನಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

100–300 ಕೊಳ್ಳು, ಅದೂ ಸಾಧ್ಯವಾದರೆ ಒಂದು ಕೈ ಬಳಸಿದ್ದು. ಉಳಿದದ್ದನ್ನು ಸಾಲದ ಕಂತಿಗೆ ಕಟ್ಟು ಎಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಫೋನ್ ಮಾಡಿ, "ಒಲಿಂಪಸ್‌ನ 75–300 ಇನ್ನೂ ಹಗುರ ಮಾಮೂ, 423 ಗ್ರಾಂ" ಎಂದ. ಹಗುರವೇನೋ ಹೌದು, ಆದರೆ ತುದಿಯಲ್ಲಿ ಎಫ್ 6.7, ಮೇಲಾಗಿ ಅದರೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಪ್ಯಾನಸೋನಿಕ್ ಕ್ಯಾಮೆರಾಕ್ಕೆ ಪ್ಯಾನಸೋನಿಕ್ ಲೆನ್ಸೇ ಇದ್ದರೆ, ಕ್ಯಾಮೆರಾ ಹೊಸ ಮಾದರಿಯದಾದಲ್ಲಿ ಎರಡರ ತಡೆಯೂ ಕೂಡಿ ಕೆಲಸ ಮಾಡುತ್ತದೆ. ಬೇರೆ ಬೇರೆ ಕಂಪೆನಿಯದಾದರೆ ಜೋಡಣೆಯಾಗುತ್ತದೆ, ಆದರೆ ಕೂಡಿ ದುಡಿಯುವುದಿಲ್ಲ. ಹಾಗೆಂದು ಈ ತಡೆ ನಮ್ಮ ಕೈಯ ನಡುಕಕ್ಕೆ ಮಾತ್ರ. ಮಿಂಚುಳ್ಳಿ ಧುಮುಕುವಾಗ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದ ವೇಗ ಬೇಕು, ಅದಕ್ಕೆ ಬಿಸಿಲೂ ಬೇಕು.

ಹಳೆಯ ಲೆನ್ಸ್ ನೋಡಲು ನಾವಿಬ್ಬರೂ ಹೋದೆವು. ಮೊದಲನೆಯದನ್ನು ಮೊಬೈಲ್ ಟಾರ್ಚಿಗೆ ಹಿಡಿದು ಹಿಂದಿನಿಂದ ನೋಡಿದಾಗ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡವು. ಬೂಸ್ಟು. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಕಡೆ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೂ ಬರುತ್ತದೆ, ಲೆನ್ಸಿಗೂ ಬರುತ್ತದೆ. ಗಾಜಿನ ಲೇಪವನ್ನೇ ತಿಂದುಬಿಡುತ್ತದೆ. ಅದನ್ನು ಬಿಟ್ಟು ಎರಡನೆಯದನ್ನು ತಂದೆವು. ಈಗ ತಂಗಿಯ ಮನೆಯಲ್ಲಿ ಅದಕ್ಕೊಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳು. ಯಾರೋ ಹೇಳಿದರೆಂದು ಅಕ್ಕಿಯಲ್ಲಿ ಹೂತಿಡಲು ಹೊರಟಿದ್ದ. ಅಕ್ಕಿಯ ಹಿಟ್ಟು ಲೆನ್ಸಿನ ಸಂದುಗಳಿಗೆ ಸೇರುತ್ತದೆಂದು ತಡೆದೆ. ಜೆಲ್ ಕಾಳುಗಳ ಬಣ್ಣ ಬದಲಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ತುಂಬಬೇಕು. ಆ ಕೆಲಸವನ್ನು ತಂಗಿಯೇ ವಹಿಸಿಕೊಂಡಿದ್ದಾಳೆ.