ತಂಗಿಯ ನಾಲ್ಕು ವಿಷಯಗಳು

ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಎಲ್ಲರೂ ಒಂದೇ ಸಲಕ್ಕೆ ಮಾತನಾಡುವ ಸಂದರ್ಭಗಳು ಮೊದಲು ಎರಡೇ ಇದ್ದುವು: ಒಂದು ಮದುವೆಯ ಮಾತುಕತೆ, ಇನ್ನೊಂದು ಆಸ್ತಿಯ ಪಾಲು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಅದೇ ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೂ ಪಿ.ಯು.ಸಿ. ಪ್ರವೇಶಕ್ಕೂ ನಡುವಣ ನಾಲ್ಕು ದಿನ. ಯಾವ 'ಕಾಂಬಿನೇಷನ್' ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತೆಂದರೆ ಸಾಕು, ಹಾಲು ಹಾಕಿಸಿಕೊಳ್ಳುವ ಡೇರಿಯವನಿಂದ ಹಿಡಿದು ಪಕ್ಕದ ಮನೆಯ ನಿವೃತ್ತ ಗುಮಾಸ್ತರವರೆಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಅಭಿಪ್ರಾಯವನ್ನು ಯಾರೂ ಕೇಳದೆ ಬಿಡುವುದು ಒಬ್ಬರನ್ನು ಮಾತ್ರ. ಅದು ಕಾಲೇಜಿಗೆ ಹೋಗಬೇಕಾದ ಹುಡುಗನನ್ನು ಅಥವಾ ಹುಡುಗಿಯನ್ನು.

ಕಳೆದ ವರ್ಷ ನಮ್ಮ ಮನೆಯಲ್ಲಿ ಹೀಗಾಗಲಿಲ್ಲ. ನನ್ನ ತಂಗಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಅಂದು ಸಂಜೆಯೇ, ಯಾರೂ ಕೇಳುವುದಕ್ಕೆ ಮೊದಲೇ, "ನಾನು ನರ್ಸ್ ಆಗ್ತೀನಿ" ಎಂದು ಹೇಳಿ, ದನಗಳಿಗೆ ನೀರಿಡಲು ಹೊರಟುಹೋದಳು. ಮಾತನಾಡುವ ಕೆಲಸವನ್ನು ಹಜಾರದಲ್ಲಿದ್ದ ನಮಗೆ ಬಿಟ್ಟಳು.

ಮೊದಲು ಬಾಯಿ ತೆರೆದವರು ನಮ್ಮ ಸೋದರಮಾವ. "ನರ್ಸ್ ಯಾಕಕ್ಕ, ಡಾಕ್ಟ್ರೇ ಆಗ್ಲಿ. ಪಿ.ಸಿ.ಎಂ.ಬಿ. ತಗೊಂಡ್ರೆ ಅತ್ತ ಡಾಕ್ಟ್ರು, ಇತ್ತ ಎಂಜಿನಿಯರು, ಎರಡು ಬಾಗಿಲೂ ತೆಗೆದಿರ್ತವೆ" ಎಂದರು. ಅಮ್ಮ ಒಪ್ಪಲಿಲ್ಲ. "ಲೆಕ್ಕ ಅಂದ್ರೆ ಅವಳಿಗೆ ತಲೆನೋವು. ಅದನ್ನ ಯಾಕೋ ಕಟ್ತೀಯ ಅವಳ ಕೊರಳಿಗೆ?" ಎಂದಳು. ಅಪ್ಪ ಸುಮ್ಮನಿದ್ದರು. ಅವರು ಯೋಚಿಸುತ್ತಿದ್ದುದು ವಿಷಯಗಳನ್ನಲ್ಲ, ದಾರಿಯನ್ನು. ನಮ್ಮ ಹೋಬಳಿಯ ಪದವಿಪೂರ್ವ ಕಾಲೇಜಿನಲ್ಲಿರುವುದು ಕಲೆ ಮತ್ತು ವಾಣಿಜ್ಯ ವಿಭಾಗಗಳು ಮಾತ್ರ. ವಿಜ್ಞಾನ ಬೇಕೆಂದರೆ 22 ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಬೆಳಿಗ್ಗೆ ಏಳೂಕಾಲಕ್ಕೆ ಬಸ್ಸು. ಸಂಜೆ ಅದು ಹಿಂದಿರುಗುವಷ್ಟರಲ್ಲಿ ಮಳೆಗಾಲದ ದಿನಗಳಲ್ಲಿ ಕತ್ತಲಾಗಿರುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆ ತಪ್ಪಿತು, ನಿಜ. ಆದರೆ ಕತ್ತಲೆಯ ಚಿಂತೆ ತಪ್ಪಬೇಕಲ್ಲ!

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ ಎಂಬ ಸಂಗತಿ ಯಾರ ಲಕ್ಷ್ಯಕ್ಕೂ ಬರಲಿಲ್ಲ. "ನೀನೇ ವಿಚಾರಿಸಿಕೊಂಡು ಬಾ" ಎಂದು ಅಪ್ಪ ಅಪ್ಪಣೆ ಕೊಟ್ಟರು. ಹೀಗೆ ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬ ವಿಜ್ಞಾನದ ವಿಷಯಗಳ ಮೇಲೆ ಸಂಶೋಧನೆಗೆ ಹೊರಟನು.

ತಂಗಿಯ ಮಾತು ಹುಡುಗಾಟದ್ದಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಮಳೆಗಾಲದಲ್ಲಿ ನಮ್ಮ ಕಿರಿಯ ತಮ್ಮನಿಗೆ ವಾಂತಿಭೇದಿಯಾಯಿತು. ಹಳ್ಳ ಉಕ್ಕಿ ಬಸ್ಸು ನಿಂತಿತ್ತು. ಊರಿನ ಉಪಕೇಂದ್ರದ ಆರೋಗ್ಯ ಸಹಾಯಕಿ ಬಂದು, ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ, ರಾತ್ರಿಯೆಲ್ಲ ಕುಳಿತು ಚಮಚ ಚಮಚವಾಗಿ ಕುಡಿಸಿದರು. ಚಮಚದ ಲೆಕ್ಕ ಇಟ್ಟವಳು ನನ್ನ ತಂಗಿ. ಬೆಳಗಾಗುವಷ್ಟರಲ್ಲಿ ಮಗು ಕಣ್ಣು ತೆರೆದು ಅಮ್ಮನನ್ನು ಕರೆಯಿತು. "ಸಕ್ಕರೆ ಉಪ್ಪಿನ ನೀರಿಗೆ ಇಷ್ಟು ಶಕ್ತಿ ಹೇಗೆ ಬಂತಣ್ಣ?" ಎಂದು ಅವಳು ನನ್ನನ್ನು ಎಷ್ಟೋ ಸಲ ಕೇಳಿದ್ದಳು. ಉತ್ತರ ನನ್ನ ಪುಸ್ತಕಗಳಲ್ಲಿ ಇರಲಿಲ್ಲ.

ತಾಲ್ಲೂಕು ಕಾಲೇಜಿನ ಉಪನ್ಯಾಸಕರನ್ನೂ, ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಪರಿಚಯದವರನ್ನೂ ಕಂಡೆ. ಪ್ರವೇಶದ ನಿಯಮಗಳನ್ನು ಓದಿದೆ. ಮೊದಲು ತಿಳಿದದ್ದು ಇದು: ಆರೋಗ್ಯದ ವಿದ್ಯೆಯೆಂದರೆ ಒಂದೇ ಬಾಗಿಲಿನ ಮನೆಯಲ್ಲ. ಹಲವು ಬಾಗಿಲುಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಬೀಗದ ಕೈ. ಎಂ.ಬಿ.ಬಿ.ಎಸ್.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕು, ಗಣಿತ ಕಡ್ಡಾಯವಲ್ಲ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180, ಉಳಿದ 360 ಜೀವಶಾಸ್ತ್ರಕ್ಕೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೂ ಇದೇ ಮೂರು ವಿಜ್ಞಾನ ಮತ್ತು ಇಂಗ್ಲಿಷ್. ಬಿ.ಫಾರ್ಮ.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಇರಲೇಬೇಕು. ಅವುಗಳ ಜೊತೆಗೆ ಜೀವಶಾಸ್ತ್ರವಾದರೂ ಆದೀತು, ಗಣಿತವಾದರೂ ಆದೀತು. ಇನ್ನು ಮೂರು ವರ್ಷದ ಜಿ.ಎನ್.ಎಂ. ಶುಶ್ರೂಷಾ ಡಿಪ್ಲೊಮಾಕ್ಕೆ ಕಲಾ ವಿಭಾಗದಲ್ಲಿ ಓದಿದವರೂ ಸೇರಬಹುದು.

ಈ ಕೊನೆಯ ಮಾತನ್ನು ಕೇಳಿ ಅಪ್ಪನ ಮುಖ ಅರಳಿತು. "ಹಾಗಾದ್ರೆ ಹೋಬಳಿಯಲ್ಲೇ ಓದಲಿ. ದೂರ ಯಾಕೆ?" ಎಂದರು. ಮಾತು ನ್ಯಾಯವಾದದ್ದೇ. ಆದರೆ ಆ ದಾರಿ ಹಿಡಿದರೆ ಜಿ.ಎನ್.ಎಂ.ನ ಬಾಗಿಲು ತೆರೆದಿರುತ್ತದೆ, ಬಿ.ಎಸ್ಸಿ.ಯದು ಮುಚ್ಚುತ್ತದೆ. ಮುಚ್ಚಿದ್ದನ್ನು ಮತ್ತೆ ತೆರೆಯಲಾಗದು ಎಂದಲ್ಲ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಹನ್ನೆರಡನೆಯ ತರಗತಿಯಾದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ತಿಳಿಸಿತು. ಆದರೆ ಅಂಥ ಹಿಂದಿರುಗುವಿಕೆಗೆ ಸಮಯ ಬೇಕು, ಹಣ ಬೇಕು. ಉಳ್ಳವರ ಮಕ್ಕಳಿಗೆ ಒಂದು ವರ್ಷವೆಂದರೆ ಒಂದು ವರ್ಷ ಅಷ್ಟೆ. ನಮ್ಮಂಥವರ ಮನೆಯಲ್ಲಿ ಹೆಣ್ಣುಮಗಳ ಓದು ಒಂದು ವರ್ಷ ನಿಂತರೆ, ಅದು ಮತ್ತೆ ಹೊರಡುವ ಮೊದಲೇ ಮದುವೆಯ ಮಾತು ಬಾಗಿಲಿಗೆ ಬಂದಿರುತ್ತದೆ.

ಉಳಿದದ್ದು ಗಣಿತದ ಪ್ರಶ್ನೆ. ಪಿ.ಯು.ಸಿ. ವಿಜ್ಞಾನದಲ್ಲಿ ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳು. ಮೂರು ಗೊತ್ತಾದುವು. ನಾಲ್ಕನೆಯದಾಗಿ ಆ ಕಾಲೇಜಿನಲ್ಲಿ ಜೀವಶಾಸ್ತ್ರದ ಜೊತೆಗೆ ಸಿಕ್ಕುವುದು ಗಣಿತವೊಂದೇ. ಇದನ್ನು ಕೇಳಿದ ತಂಗಿಯ ಮುಖ ಬಾಡಿತು. "ಲೆಕ್ಕದಲ್ಲಿ ನಪಾಸಾದ್ರೆ ಏನು ಮಾಡೋದಣ್ಣ?" ಎಂದಳು. ಇಷ್ಟು ಹೊತ್ತೂ ಅವಳ ಧೈರ್ಯದ ಹಿಂದೆ ಅಡಗಿದ್ದ ಅಂಜಿಕೆ ಆಗ ಹೊರಗೆ ಬಂದಿತು.

ನಾನು ಆಸ್ಪತ್ರೆಯ ಪರಿಚಯದವರಿಂದ ಕೇಳಿ ತಿಳಿದ ಒಂದು ಲೆಕ್ಕವನ್ನು ಅವಳ ಮುಂದಿಟ್ಟೆ. ರೋಗಿಗೆ 500 ಮಿಲಿಲೀಟರ್ ಗ್ಲೂಕೋಸ್ ನೀರನ್ನು ನಾಲ್ಕು ಗಂಟೆಯಲ್ಲಿ ಏರಿಸಬೇಕು. ಕೊಳವೆಯಲ್ಲಿ 20 ಹನಿ ಬಿದ್ದರೆ ಒಂದು ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ ಬೀಳುವಂತೆ ತಿರುಪು ಇಡಬೇಕು? ಅವಳು ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಳು: ಒಟ್ಟು 10,000 ಹನಿ, ನಾಲ್ಕು ಗಂಟೆಗೆ 240 ನಿಮಿಷ, ಭಾಗಿಸಿದರೆ ಸುಮಾರು 42. "ಇಷ್ಟೇನಾ?" ಎಂದಳು. ದಿನನಿತ್ಯದ ಶುಶ್ರೂಷೆಗೆ ಬೇಕಾದ ಗಣಿತ ಬಹುಮಟ್ಟಿಗೆ ಇಂಥದೇ. ಆದರೆ ಇದು ತಪ್ಪುವಂತಿಲ್ಲ. ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಅಂಕ ಹೋಗುತ್ತವೆ; ವಾರ್ಡಿನಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ. ಪ್ರವೇಶದ ನಿಯಮ ಗಣಿತವನ್ನು ಕೇಳದಿದ್ದರೂ ಹಾಸಿಗೆಯ ಮೇಲಿನ ರೋಗಿ ಕೇಳುತ್ತಾನೆ.

ಉಳಿದ ಶಾಸ್ತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಭೌತಶಾಸ್ತ್ರ ಯಾಕೆ ಬೇಕು ಎಂದು ಅಮ್ಮ ಕೇಳಿದಳು. ರಕ್ತದ ಒತ್ತಡವನ್ನು 120 ಎಂದು ಹೇಳುವಾಗ, ಅದು 120 ಮಿಲಿಮೀಟರ್ ಎತ್ತರದ ಪಾದರಸದ ಕಂಬವನ್ನು ಎತ್ತಿಹಿಡಿಯುವ ಒತ್ತಡ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಪಾದರಸದ ಬದಲು ನೀರು ತುಂಬಿದ್ದರೆ ಕೊಳವೆ ಒಂದೂವರೆ ಮೀಟರಿಗಿಂತ ಎತ್ತರವಿರಬೇಕಾಗುತ್ತಿತ್ತು! ಅಜ್ಜಿಯ ಕನ್ನಡಕದ ಚೀಟಿಯಲ್ಲಿ +2.5 ಎಂದು ಬರೆದಿದೆಯಷ್ಟೆ. ಅದರ ಅರ್ಥ ಆ ಮಸೂರದ ಸಂಗಮ ದೂರ 40 ಸೆಂಟಿಮೀಟರ್ ಎಂದು. ಇದನ್ನೆಲ್ಲ ಅಜ್ಜಿಗೆ ವಿವರಿಸಿದೆ. "ಅದೆಲ್ಲ ಇರ್ಲಿ, ಸೂಜಿಗೆ ದಾರ ಪೋಣಿಸೋಕೆ ಕಾಣತ್ತಲ್ಲ, ಸಾಕು" ಎಂದಳು.

ತಂಗಿಯ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಈ ಓಡಾಟದಲ್ಲಿಯೇ. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡಿಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. ಸಕ್ಕರೆ ಹಾಕಿರುವುದು ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸೂ ಸೋಡಿಯಮ್ಮೂ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ. ಅವುಗಳ ಬೆನ್ನ ಹಿಂದೆ ನೀರು ಹೋಗುತ್ತದೆ. ಭೇದಿಯ ಕಾಲದಲ್ಲಿಯೂ ಈ ದಾರಿ ಮುಚ್ಚಿಹೋಗುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಏರಿಸುವ ದ್ರವ ಸಾಲದೆ ಹೋಗಿ, ಡಾ. ದಿಲೀಪ್ ಮಹಾಲನಬಿಸ್ ಅವರು ಇಂಥದೇ ನೀರನ್ನು ಬಾಯಿಯ ಮೂಲಕ ಕುಡಿಸಿ ಬಹು ಜನರನ್ನು ಉಳಿಸಿದರು. ಪೊಟ್ಟಣದಲ್ಲಿರುವುದು ರಸಾಯನಶಾಸ್ತ್ರ, ಕರುಳಿನಲ್ಲಿರುವುದು ಜೀವಶಾಸ್ತ್ರ. ಎರಡನ್ನೂ ಬಲ್ಲವರ ಕೈಯಲ್ಲಿ ಚಮಚ ಇತ್ತಾದ್ದರಿಂದ ನನ್ನ ತಮ್ಮ ಇಂದು ಐದನೆಯ ತರಗತಿಯಲ್ಲಿ ಗಲಾಟೆ ಮಾಡಿಕೊಂಡಿದ್ದಾನೆ. ತಂಗಿ ಇದನ್ನು ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ "ಲೆಕ್ಕಾನೂ ಓದ್ತೀನಿ" ಎಂದಳು.

ಮರುದಿನ ಅಪ್ಪ ಯಾರಿಗೂ ಹೇಳದೆ ಏಳೂಕಾಲರ ಬಸ್ಸು ಹತ್ತಿದರು. ಕಾಲೇಜು ನೋಡಿದರು, ಸಂಜೆಯ ಬಸ್ಸಿಗೆ ಕಾದು ಅದರಲ್ಲಿಯೇ ಹಿಂದಿರುಗಿದರು. ಕೈಕಾಲು ತೊಳೆದುಕೊಂಡು, "ನಮ್ಮ ದಾರಿಯಲ್ಲಿ ಇನ್ನೂ ಆರು ಜನ ಹುಡುಗೀರು ಓಡಾಡ್ತಾರೆ. ಸ್ಟಾಪಿನ ಹತ್ರ ನಾನು ಬರ್ತೀನಿ. ಸೇರಮ್ಮ" ಎಂದರು. ನನ್ನ ವಿಚಾರಣೆಯ ವರದಿಗಿಂತ ಈ ಒಂದು ದಿನದ ಪ್ರಯಾಣವೇ ದೊಡ್ಡದೆಂದು ನನಗೆ ಅನ್ನಿಸಿತು. ವಿಷಯ ಆರಿಸುವುದು ಎಂದರೆ ಅರ್ಜಿಯಲ್ಲಿ ಗುರುತು ಹಾಕುವುದಲ್ಲ. ಆ ಗುರುತನ್ನು ಎರಡು ವರ್ಷ ಹೊತ್ತು ನಡೆಯಲು ಮನೆಯೂ ಜೊತೆಗೆ ಒಪ್ಪುವುದು. ಈಗ ಅವಳು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಳೆ. ಗಣಿತ ಇನ್ನೂ ಅವಳನ್ನು ಕಾಡುತ್ತದೆ. ಅವಳೂ ಅದನ್ನು ಬಿಟ್ಟಿಲ್ಲ.

ಕಲಾ ವಿದ್ಯಾರ್ಥಿಗಳಾದ ನಮಗೂ ಇದಕ್ಕೂ ಏನು ಸಂಬಂಧವೆಂದು ನನ್ನ ಸಹಪಾಠಿಗಳು ಕೇಳಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಜನ ಜ್ವರದಿಂದ ಮಲಗಿದರು. ಉಣುಗು ಎಂಬ ಸಣ್ಣ ಜೀವಿಯಿಂದ ಹರಡುವ ವೈರಸ್ಸನ್ನು ಕಂಡುಹಿಡಿದದ್ದು ವಿಜ್ಞಾನ. ಆದರೆ ಸೌದೆಗೆ, ದರಕಿಗೆ ಯಾರು, ಯಾವ ತಿಂಗಳು, ಎತ್ತ ಹೋಗುತ್ತಾರೆಂಬುದನ್ನು ಅವರ ಮಾತಿನಲ್ಲಿಯೇ ಕೇಳಿ ತಿಳಿಯದೆ ಅಂಥ ರೋಗವನ್ನು ತಡೆಯಲಾಗದು. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದಿದವರಿಗೆ ಅಲ್ಲಿ ಕೆಲಸವುಂಟು. ಪೂಜ್ಯ ಅಧ್ಯಾಪಕರು ಇದನ್ನು ಒಪ್ಪುವರೆಂದು ನಂಬಿದ್ದೇನೆ.

ನಮ್ಮಲ್ಲಿ ಬಹುಮಂದಿಗೆ ತಮ್ಮಂದಿರೂ ತಂಗಿಯರೂ ಇದ್ದಾರೆ. ಬರುವ ಬೇಸಗೆಯಲ್ಲಿ ಎಷ್ಟೋ ಮನೆಗಳ ಹಜಾರಗಳಲ್ಲಿ ಈ ಚರ್ಚೆ ನಡೆದೀತು. ಆಗ, ಎಷ್ಟು ಬಾಗಿಲು ತೆರೆದಿವೆ ಎಂದು ಎಣಿಸುವುದಕ್ಕೆ ಮೊದಲು, ಮಗುವಿಗೆ ಯಾವ ಕೆಲಸ ಮಾಡುವ ಆಸೆಯೆಂದು ಕೇಳೋಣ. ಆಮೇಲೆ ಆ ಕೆಲಸದ ಬಾಗಿಲು ಯಾವ ವಿಷಯಗಳನ್ನು ಕೇಳುತ್ತದೆಂದು ಆ ವರ್ಷದ ನಿಯಮಗಳಲ್ಲಿಯೇ ನೋಡೋಣ. ನೆರೆಯವರ ಬಾಯಲ್ಲಿ ಅಲ್ಲ. ಕೊನೆಯದಾಗಿ, ಕಷ್ಟವಾದ ವಿಷಯವೊಂದು ಎದುರಾದರೆ, ಅದು ಮುಂದೆ ಯಾರ ಹಾಸಿಗೆಯ ಬಳಿ ಉಪಯೋಗಕ್ಕೆ ಬರುತ್ತದೆಂದು ತೋರಿಸಿಕೊಡೋಣ. ಕಷ್ಟ ಕಡಿಮೆಯಾಗದಿದ್ದರೂ, ಅದನ್ನು ಪಡಲು ಒಂದು ಕಾರಣವಾದರೂ ದೊರೆಯುತ್ತದೆ.